ಮರಳಿನ ಚೀಲ, ನೀರಿನ ಕ್ಯಾನ್, ಕಬ್ಬಿಣದ ಬಾರ್: ಏಳು ತಿಂಗಳು ಎತ್ತಿ ನೋಡಿದ ಮೇಲೆ

ಮಂಗಳೂರಿನ ಮಣ್ಣಗುಡ್ಡೆಯಲ್ಲಿ ನಮ್ಮ ಮನೆ ಇರುವುದು ಎರಡನೆಯ ಮಹಡಿಯಲ್ಲಿ, ಲಿಫ್ಟ್ ಇಲ್ಲದ ಹಳೆಯ ಕಟ್ಟಡದಲ್ಲಿ. ಜಿಮ್‌ನಲ್ಲಿ 90 ಕಿಲೋ ಡೆಡ್‌ಲಿಫ್ಟ್ (ಭಾರವನ್ನು ನೆಲದಿಂದ ಎತ್ತಿ ನೆಟ್ಟಗೆ ನಿಲ್ಲುವ ವ್ಯಾಯಾಮ) ಮಾಡುತ್ತಿದ್ದ ನಾನು, ಕಳೆದ ವರ್ಷ 25 ಕಿಲೋದ ಕುಚ್ಚಲಕ್ಕಿ ಚೀಲವೊಂದನ್ನು ಹೆಗಲಿಗೇರಿಸಿ ಮೆಟ್ಟಿಲು ಹತ್ತುವಾಗ ಮೊದಲ ತಿರುವಿನಲ್ಲೇ ಗೋಡೆಗೊರಗಿ ನಿಂತೆ. ಬಾರ್‌ಬೆಲ್‌ನ (ಎರಡೂ ತುದಿಗೆ ತೂಕದ ಬಿಲ್ಲೆ ಸಿಕ್ಕಿಸಿದ ಕಬ್ಬಿಣದ ಬಾರ್) ತೂಕ ಎರಡೂ ಕಡೆ ಸಮನಾಗಿ ಹಂಚಿರುತ್ತದೆ, ಹಿಡಿಯಲು ಒರಟು ಮಾಡಿದ ಜಾಗವೂ ಇರುತ್ತದೆ. ಅಕ್ಕಿ ಚೀಲಕ್ಕೆ ಈ ಎರಡೂ ಇಲ್ಲ. ಆ ದಿನದ ಅವಮಾನದಿಂದಾಗಿಯೇ ನವೆಂಬರ್‌ನಿಂದ ಮೇವರೆಗೆ ಅಲುಗಾಡುವ ಭಾರಗಳನ್ನು ಒಂದೊಂದಾಗಿ ಎತ್ತಿ ನೋಡಿದೆ. ಇದು ನಲವತ್ತೆರಡು ವರ್ಷದ ಒಂದು ದೇಹದ ಅನುಭವ ಮಾತ್ರ.

ಹೆಚ್ಚು ಕಾಲ ಕಳೆದದ್ದು ಮರಳಿನ ಚೀಲದ ಜೊತೆ. ತಲಾ ಐದು ಕಿಲೋ ಒಣ ಮರಳನ್ನು ದಪ್ಪ ಪ್ಲಾಸ್ಟಿಕ್ ಚೀಲಗಳಲ್ಲಿ ಕಟ್ಟಿ, ಆ ಪೊಟ್ಟಣಗಳನ್ನು ಒಂದರೊಳಗೊಂದು ತೂರಿಸಿದ ಎರಡು ಹಳೆಯ ಅಕ್ಕಿ ಚೀಲಗಳಿಗೆ ಹಾಕಿದರೆ, ಬೇಕಾದಾಗ ತೂಕ ಹೆಚ್ಚಿಸಬಹುದು. ಮರಳನ್ನು ಪಣಂಬೂರಿನ ಕಡಲ ದಂಡೆಯಿಂದ ತರುವ ಯೋಚನೆ ಬೇಡ. ಅದಕ್ಕೆ ಕಾನೂನಿನ ಅಡ್ಡಿಯಿದೆ, ಮೇಲಾಗಿ ಉಪ್ಪು ಗಾಳಿಯ ತೇವವನ್ನು ಎಳೆದುಕೊಳ್ಳುತ್ತದೆ. ಚೀಲವನ್ನು ಮೂರರಲ್ಲಿ ಎರಡು ಪಾಲಷ್ಟೇ ತುಂಬಿಸಬೇಕು, ಏಕೆಂದರೆ ಒಳಗೆ ಜಾರುವುದಕ್ಕೆ ಜಾಗವಿದ್ದರೆ ಮಾತ್ರ ಅದು ಉಪಯೋಗಕ್ಕೆ ಬರುತ್ತದೆ. ಊರಿನ ಮನೆಯಲ್ಲಿ ಅಕ್ಕಿ ಮುಡಿ ಹೊತ್ತು ಬೆಳೆದ ನನ್ನ ಮಾವ ಇದನ್ನು ಒಮ್ಮೆ ಎತ್ತಿ ನೋಡಿ, ‘ಮುಡಿಯೇ ವಾಸಿ ಮಾರಾಯ’ ಎಂದು ಕೆಳಗಿಟ್ಟರು. ಅವರ ಮಾತಿನಲ್ಲಿ ಅರ್ಥವಿತ್ತು: ಬೈಹುಲ್ಲಿನಲ್ಲಿ ಬಿಗಿದು ಕಟ್ಟಿದ ಮುಡಿಯೊಳಗೆ ಅಕ್ಕಿ ಅಲುಗುವುದಿಲ್ಲ, ಈ ಚೀಲದಲ್ಲಾದರೋ ಪ್ರತಿ ಹೆಜ್ಜೆಗೂ ಭಾರ ಒಂದು ಬದಿಗೆ ಸರಿಯುತ್ತದೆ, ಅದನ್ನು ತಡೆಯಲು ಸೊಂಟದ ಸುತ್ತಲಿನ ಸ್ನಾಯುಗಳು ಬಿಡುವಿಲ್ಲದೆ ಬಿಗಿಯುತ್ತಲೇ ಇರಬೇಕಾಗುತ್ತದೆ.

ನೆಲದಿಂದ ಎದೆಗೆ, ಎದೆಯಿಂದ ಹೆಗಲಿಗೆ ತಂದು, ಅಪ್ಪಿ ಹಿಡಿದು ನಡೆಯುವುದು. ನಾನು ಮಾಡಿದ್ದು ಇಷ್ಟೇ. 20 ಕಿಲೋದಿಂದ ಆರಂಭಿಸಿ 35 ಕಿಲೋದವರೆಗೆ ಹೋದೆ. ಮೊದಲು ಸೋತದ್ದು ಕಾಲಲ್ಲ, ಮುಂಗೈ ಮತ್ತು ಉಸಿರು. ಎದೆಗೊತ್ತಿದ ಭಾರ ಪಕ್ಕೆಲುಬನ್ನು ಅರಳಲು ಬಿಡುವುದಿಲ್ಲವಾದ್ದರಿಂದ ಆ ಸ್ಥಿತಿಯಲ್ಲಿ ಉಸಿರಾಡುವುದನ್ನೇ ಕಲಿಯಬೇಕಾಯಿತು. ದೋಷವೂ ಸಣ್ಣದಲ್ಲ. ದಣಿದಾಗ ಬೆನ್ನು ಗೊತ್ತಿಲ್ಲದಂತೆ ಗೂನಾಗುತ್ತದೆ, ಹಾಗಾದ ಕ್ಷಣವೇ ಚೀಲವನ್ನು ಬಿಟ್ಟುಬಿಡಬೇಕು. ಕೆಳಗಿನ ಮನೆಯವರಿಗೆ ಸದ್ದಾಗುತ್ತದೆಂಬ ಸಂಕೋಚದಿಂದ ನಾನು ಒಮ್ಮೆ ಬಿಡದೆ, ನಾಲ್ಕು ದಿನ ಸೊಂಟ ಹಿಡಿದುಕೊಂಡು ಓಡಾಡಿದೆ.

20 ಲೀಟರಿನ ನೀರಿನ ಕ್ಯಾನ್ ಅಗ್ಗದ ಉಪಾಯ. ಒಂದು ಲೀಟರ್ ನೀರು ಒಂದು ಕಿಲೋ ತೂಗುವುದರಿಂದ ಲೆಕ್ಕವೂ ಸುಲಭ. ತುಂಬಿದ ಕ್ಯಾನ್ ಸುಮ್ಮನಿರುತ್ತದೆ. 12 ಲೀಟರ್ ಮಾತ್ರ ತುಂಬಿಸಿದ ಕ್ಯಾನ್ ಕುಲುಕಿ ಕುಲುಕಿ ಮಣಿಕಟ್ಟನ್ನು ಕಾಡುತ್ತದೆ. ಒಂದೇ ಕೈಯಲ್ಲಿ ಹಿಡಿದು, ದೇಹ ಒಂದು ಕಡೆಗೆ ವಾಲದಂತೆ ಮೆಟ್ಟಿಲು ಹತ್ತಿಳಿಯುವುದು ಉತ್ತಮ ವ್ಯಾಯಾಮ. ಬಾವಿಯಿಂದ ಕೊಡಪಾನ ತುಂಬಿ ಸೊಂಟದಲ್ಲಿಟ್ಟು ತರುತ್ತಿದ್ದ ನಮ್ಮ ಅಜ್ಜಿಯಂದಿರಿಗೆ ಇದನ್ನು ಯಾರೂ ಕಲಿಸಬೇಕಾಗಿರಲಿಲ್ಲ. ಆದರೆ ಎರಡು ತಿಂಗಳಲ್ಲಿ ತುಂಬಿದ ಕ್ಯಾನೂ ಹಗುರವೆನಿಸಿತು, ಅಲ್ಲಿಂದ ಮುಂದೆ ಹೋಗಲು ದಾರಿಯಿಲ್ಲ.

ನಾಲ್ಕು ಇಂಚಿನ, ಮೂರು ಮೀಟರ್ ಉದ್ದದ ಪಿವಿಸಿ ಪೈಪಿಗೆ ಅರ್ಧ ನೀರು ತುಂಬಿಸಿದರೆ ನೀರಿನ ತೂಕ ಸುಮಾರು 12 ಕಿಲೋ ಮಾತ್ರ, ಆದರೂ ಅದನ್ನು ಎದೆಯ ಮುಂದೆ ಅಡ್ಡ ಹಿಡಿದು ಹತ್ತು ಹೆಜ್ಜೆ ಇಡುವುದು ಕಷ್ಟ. ನನಗೆ ಇದು ಬಲಕ್ಕಿಂತ ಸರ್ಕಸ್ಸಿಗೆ ಹತ್ತಿರವೆನಿಸಿತು. ಮೂರನೆಯ ವಾರ ತುದಿಯ ಮುಚ್ಚಳ ಕಳಚಿ ನೀರೆಲ್ಲ ಕೆಳಮನೆಯವರು ಒಣಗಲು ಹಾಕಿದ್ದ ಹಪ್ಪಳದ ಮೇಲೆ ಸುರಿದ ಮೇಲೆ ಆ ಪ್ರಯೋಗ ಮುಗಿಯಿತು.

ಜಿಮ್‌ನಲ್ಲಿರುವ ಅರ್ಧಗೋಳದ ರಬ್ಬರ್ ಚೆಂಡಿನ ಮೇಲೆ ನಿಂತು ಮಾಡುವ ವ್ಯಾಯಾಮವನ್ನು ಇದೇ ಗುಂಪಿಗೆ ಸೇರಿಸುವುದು ತಪ್ಪು. ಅಲ್ಲಿ ಅಲುಗಾಡುವುದು ಭಾರವಲ್ಲ, ಕಾಲ ಕೆಳಗಿನ ನೆಲ. ಕೆನಡಾದ ಡೇವಿಡ್ ಬೆಹಮ್ ಮತ್ತು ಸಂಗಡಿಗರು 2002ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಅಸ್ಥಿರ ಸ್ಥಿತಿಯಲ್ಲಿ ತೊಡೆಯ ಮುಂಭಾಗದ ಸ್ನಾಯುಗಳು ಹಾಕಬಲ್ಲ ಬಲ ಸುಮಾರು ಶೇ. 70ರಷ್ಟು ಕುಸಿದಿತ್ತು. ನಮ್ಮ ಮೆಟ್ಟಿಲು ಹಳೆಯದಾದರೂ ಅಲುಗುವುದಿಲ್ಲ. ಹಾಗಾಗಿ ನಾನು ಅದನ್ನು ಎರಡೇ ದಿನಕ್ಕೆ ಕೈಬಿಟ್ಟೆ.

ಬಾರ್‌ಬೆಲ್‌ನ ಬೆಲೆ ತಿಳಿದದ್ದು ಅದನ್ನು ಬಿಟ್ಟಾಗ. ಏಳು ವಾರ ಚೀಲವನ್ನಷ್ಟೇ ಎತ್ತಿ ಮರಳಿ ಹೋದಾಗ 90 ಕಿಲೋ ಏಳಲಿಲ್ಲ, 80ಕ್ಕೆ ಇಳಿಯಬೇಕಾಯಿತು. ಕಾಲು ಮತ್ತು ಬೆನ್ನಿಗೆ ಬೇಕಾದಷ್ಟು ಭಾರವನ್ನು ಎರಡೂವರೆ ಕಿಲೋದಂತೆ ಅಳೆದು ಏರಿಸುವ ಸೌಲಭ್ಯ ಬೇರೆ ಯಾವುದರಲ್ಲೂ ಇಲ್ಲ. 2018ರ ಕಾಮನ್‌ವೆಲ್ತ್ ಕ್ರೀಡಾಕೂಟದ 56 ಕಿಲೋ ವಿಭಾಗದಲ್ಲಿ ಒಟ್ಟು 249 ಕಿಲೋ ಎತ್ತಿ ಬೆಳ್ಳಿ ಗೆದ್ದ ಕುಂದಾಪುರ ಕಡೆಯ ಗುರುರಾಜ ಪೂಜಾರಿಯವರ ಬಲ ಬೆಳೆದದ್ದು ಇಂಥ ಅಳತೆಯ ಕಬ್ಬಿಣದಲ್ಲೇ.

ಆತ್ಮರಕ್ಷಣೆಯ ವಿಷಯದಲ್ಲಿ ಉತ್ಪ್ರೇಕ್ಷೆ ಮಾಡಲಾರೆ. ಜೂಡೋ ಕಲಿಯುತ್ತಿರುವ ಗೆಳೆಯನೊಬ್ಬ ಮೊದಲು ಮತ್ತು ಕೊನೆಯಲ್ಲಿ ನನ್ನನ್ನು ಹಿಡಿದು ಪರೀಕ್ಷಿಸಿದ. ನವೆಂಬರ್‌ನಲ್ಲಿ ಕಣ್ಣು ಮಿಟುಕಿಸುವಷ್ಟರಲ್ಲಿ ನೆಲಕ್ಕೆ ಕೆಡವಿದ್ದವನಿಗೆ ಮೇಯಲ್ಲಿ ಸ್ವಲ್ಪ ಹೆಚ್ಚು ಹೊತ್ತು ಬೇಕಾಯಿತು, ಕೆಡವಿದ್ದಂತೂ ನಿಜ. ಅಪ್ಪಿ ಹಿಡಿಯುವ ಬಲ, ತಳ್ಳಿದಾಗ ಕಾಲೂರಿ ನಿಲ್ಲುವ ಶಕ್ತಿ ಚೀಲದಿಂದ ಬಂದಿತ್ತು; ಹಿಡಿತದಿಂದ ಬಿಡಿಸಿಕೊಳ್ಳುವ ಪಟ್ಟು ಬಂದಿರಲಿಲ್ಲ. ಚೀಲ ಜಾರುತ್ತದೆ, ಆದರೆ ತಿರುಗಿ ಹಿಡಿಯುವುದಿಲ್ಲ. ಅದಕ್ಕೆ ಇನ್ನೊಬ್ಬ ಮನುಷ್ಯನ ಜೊತೆಗೇ ಅಭ್ಯಾಸ ಮಾಡಬೇಕು.

ಈಗ ವಾರಕ್ಕೆ ಎರಡು ದಿನ ಬಾರ್, ಒಂದು ದಿನ ಚೀಲ. ಸಿಲಿಂಡರಿನಲ್ಲಿ 14.2 ಕಿಲೋ ಗ್ಯಾಸ್, ಹೆಚ್ಚುಕಡಿಮೆ ಅಷ್ಟೇ ತೂಕದ ಕಬ್ಬಿಣ. ಎರಡೂ ಸೇರಿದ ಭಾರವನ್ನು ಈಗ ನಡುವೆ ಇಳಿಸದೆ ಮೇಲಕ್ಕೆ ತರುತ್ತೇನೆ. ಮಳೆ ಹಿಡಿದ ಮೇಲೆ ಚೀಲಕ್ಕೆ ಬೂಷ್ಟು ಹಿಡಿದು ವಾಸನೆ ಬರಲಾರಂಭಿಸಿದ್ದರಿಂದ, ಮನೆಯಾಕೆ ಅದನ್ನು ಮೆಟ್ಟಿಲ ಕೆಳಗೆ, ಸ್ಕೂಟರ್ ನಿಲ್ಲಿಸುವ ಮೂಲೆಗೆ ವರ್ಗಾಯಿಸಿದ್ದಾಳೆ.