ಕಾಸುವುದೋ ತಂಪಿಡುವುದೋ, ಪಟ್ಟಿಯೋ ವ್ಯಾಯಾಮವೋ: ಸಂಧಿವಾತದ ಮೊಣಕಾಲಿಗೆ ನಾನು ಬಳಸಿ ನೋಡಿದವು

ನನ್ನದು ವಯಸ್ಸಿನ ಸವೆತದಿಂದ ಬಂದ ಮೊಣಕಾಲು ನೋವಲ್ಲ, ರುಮಟಾಯ್ಡ್ ಸಂಧಿವಾತ. ಬೆರಳ ಗೆಣ್ಣುಗಳಲ್ಲಿ ಶುರುವಾಗಿ, ಮಣಿಕಟ್ಟು ಹಿಡಿದು, ಎರಡೂ ಮೊಣಕಾಲುಗಳಿಗೆ ಬಂದು ಕುಳಿತಿದೆ. ಇದನ್ನು ಮೊದಲೇ ಹೇಳುವುದಕ್ಕೆ ಕಾರಣವಿದೆ. ಸವೆತದ ನೋವು ನಡೆದಷ್ಟೂ ಹೆಚ್ಚುತ್ತದೆ, ಕುಳಿತರೆ ತಗ್ಗುತ್ತದೆ; ಬೆಳಗಿನ ಬಿಗಿತವೂ ಸಾಮಾನ್ಯವಾಗಿ ಅರ್ಧ ಗಂಟೆಯೊಳಗೆ ಬಿಡುತ್ತದೆ. ನಮ್ಮದು ಹಾಗಲ್ಲ. ದೇಹದ ರಕ್ಷಣಾ ವ್ಯವಸ್ಥೆಯೇ ಕೀಲಿನ ಒಳಪೊರೆಯ ಮೇಲೆ ತಿರುಗಿ ಬೀಳುತ್ತದೆ. ಪೊರೆ ಊದಿಕೊಳ್ಳುತ್ತದೆ, ಒಳಗೆ ನೀರು ತುಂಬುತ್ತದೆ. ಬೆಳಗ್ಗೆ ಎದ್ದು ಗಂಟೆ ಕಳೆದರೂ ಕಾಲು ಸರಿಯಾಗಿ ಮಡಚಲು ಬರುವುದಿಲ್ಲ. ಹೀಗಾಗಿ ನೆರೆಮನೆಯವರ ಮೊಣಕಾಲಿಗೆ ಒಗ್ಗಿದ ಉಪಾಯ ನಮ್ಮ ಮೊಣಕಾಲಿಗೂ ಒಗ್ಗಲೇಬೇಕೆಂದಿಲ್ಲ. ಧಾರವಾಡದ ಮನೆಯಲ್ಲಿ, ಹುಬ್ಬಳ್ಳಿಯ ಓಡಾಟದಲ್ಲಿ ನಾನು ಎದುರುಬದುರು ಇಟ್ಟು ಬಳಸಿ ನೋಡಿದವುಗಳನ್ನು ಇಲ್ಲಿ ಹೋಲಿಸುತ್ತಿದ್ದೇನೆ. ಇವೆಲ್ಲ ವೈದ್ಯರು ಕೊಟ್ಟ ಔಷಧಿಯ ಜೊತೆಗೆ, ಅದರ ಬದಲಿಗೆ ಅಲ್ಲ.

ಕಾಸುವುದು, ತಂಪಿಡುವುದು

ನಮ್ಮ ಕಡೆ ಮೊಣಕಾಲು ನೋವೆಂದರೆ ಮೊದಲ ಮಾತೇ ‘ಚೆನ್ನಾಗಿ ಕಾಸಿಕೊಳ್ಳಿ ವೈನಿ’ ಎಂಬುದು. ಉಪ್ಪಿನ ಗಂಟು, ಲಕ್ಕಿ ಸೊಪ್ಪು ಹಾಕಿ ಕುದಿಸಿದ ನೀರು, ಬಿಸಿನೀರಿನ ರಬ್ಬರ್ ಚೀಲ, ಎಲ್ಲವೂ ಒಂದೇ ದಾರಿಯವು. ಬೆಳಗಿನ ಬಿಗಿತಕ್ಕೆ ಬಿಸಿಗಿಂತ ಒಳ್ಳೆಯದನ್ನು ನಾನು ಕಂಡಿಲ್ಲ. ಜುಲೈ ತಿಂಗಳ ಜಿಟಿಜಿಟಿ ಮಳೆಯಲ್ಲಿ, ಹಾಸಿಗೆಯಿಂದ ಏಳುವ ಮೊದಲೇ ಚೀಲವನ್ನು ಟವೆಲಿನಲ್ಲಿ ಸುತ್ತಿ ಕೌದಿಯೊಳಗೆ ಮೊಣಕಾಲಿನ ಮೇಲೆ 15 ನಿಮಿಷ ಇಟ್ಟುಕೊಂಡರೆ ಕಾಲು ಮಾತು ಕೇಳುತ್ತದೆ. ಉಪ್ಪಿನ ಗಂಟಿಗಿಂತ ಚೀಲವೇ ಮೇಲು. ಗಂಟಿನ ಕಾವು ಎಷ್ಟಿದೆಯೆಂದು ತಿಳಿಯುವುದಿಲ್ಲ, ಬೇಗ ಆರುತ್ತದೆ, ಅದನ್ನು ಮತ್ತೆ ಮತ್ತೆ ಹಂಚಿನ ಮೇಲೆ ಒತ್ತಲು ನೋಯುವ ಬೆರಳುಗಳೇ ದುಡಿಯಬೇಕು.

ಆದರೆ ರೋಗ ಕೆರಳಿ ಮೊಣಕಾಲು ಊದಿಕೊಂಡ ದಿನ ಕಾಸುವುದೆಂದರೆ ಉರಿಯುವ ಬೆಂಕಿಗೆ ತುಪ್ಪ ಸುರಿದಂತೆ. ಆ ದಿನ ನನಗೆ ಹಿತವಾದದ್ದು ಐಸ್. ಇದನ್ನು ಹೇಳಿದರೆ ನಮ್ಮ ಹಿರಿಯರು ಒಪ್ಪುವುದಿಲ್ಲ. ವಾಯುವಿಗೆ ತಂಪು ಕೂಡದೆಂಬುದು ಅವರ ನಂಬಿಕೆ. ಔಷಧಿ ಅಂಗಡಿಯಲ್ಲಿ ಸಿಗುವ ನೀಲಿ ಬಣ್ಣದ ಜೆಲ್ ಚೀಲವನ್ನು ಫ್ರೀಜರಿನಲ್ಲಿಟ್ಟು, ಹಳೆಯ ಧೋತರದ ತುಂಡಿನಲ್ಲಿ ಸುತ್ತಿ 10ರಿಂದ 15 ನಿಮಿಷ ಇಟ್ಟರೆ ಒಳಗಿನ ತಿವಿತ ತಗ್ಗುತ್ತದೆ. ಬರಿ ಐಸನ್ನು ಚರ್ಮಕ್ಕೆ ನೇರವಾಗಿ ತಾಗಿಸಬಾರದು. ಸಕ್ಕರೆ ಕಾಯಿಲೆಯಿಂದ ಕಾಲಿನ ಸ್ಪರ್ಶ ಕಡಿಮೆಯಾದವರು ಬಿಸಿ, ತಂಪು ಎರಡರಲ್ಲೂ ಎಚ್ಚರವಾಗಿರಬೇಕು. ನೋವಿನ ಮುಲಾಮು ಹಚ್ಚಿದ ಮೇಲೆ ಬಿಸಿ ಚೀಲ ಇಡುವುದಂತೂ ಬೇಡವೇ ಬೇಡ, ಚರ್ಮ ಸುಡುತ್ತದೆ.

ಎರಡರಲ್ಲಿ ಯಾವುದೆಂದು ತೀರ್ಮಾನಿಸಲು ಒಂದು ಸುಲಭ ಪರೀಕ್ಷೆಯಿದೆ. ಕೈಯ ಹಿಂಬದಿಯನ್ನು ಮೊದಲು ತೊಡೆಗೆ, ಆಮೇಲೆ ಮೊಣಕಾಲು ಚಿಪ್ಪಿಗೆ, ಕೊನೆಗೆ ಮೊಣಕಾಲಿನ ಕೆಳಗಿನ ಎಲುಬಿಗೆ ತಾಗಿಸಿ ನೋಡಿ. ಆರೋಗ್ಯವಂತ ಮೊಣಕಾಲು ಮೇಲಿನ ಮತ್ತು ಕೆಳಗಿನ ಭಾಗಕ್ಕಿಂತ ತುಸು ತಣ್ಣಗಿರುತ್ತದೆ. ಅದು ತೊಡೆಯಷ್ಟೇ ಬೆಚ್ಚಗಿದ್ದರೆ ಒಳಗೆ ಉರಿಯೂತ ಇದೆಯೆಂದು ಲೆಕ್ಕ. ಚಿಪ್ಪಿನ ಒಳಮಗ್ಗುಲಲ್ಲಿ ಕಾಣುವ ಸಣ್ಣ ತಗ್ಗು ತುಂಬಿಕೊಂಡು ಮಟ್ಟವಾಗಿದ್ದರೆ ನೀರು ಸೇರಿದೆ. ಅಂದು ತಂಪು, ಉಳಿದ ದಿನ ಬಿಸಿ. ನಾನು ಇದನ್ನು ಹಲ್ಲುಜ್ಜುವಷ್ಟೇ ತಪ್ಪದೆ ಮಾಡುತ್ತೇನೆ. ಒಂದೇ ಮೊಣಕಾಲು ಇದ್ದಕ್ಕಿದ್ದಂತೆ ಕೆಂಪೇರಿ, ಜ್ವರವೂ ಬಂದರೆ ಮಾತ್ರ ಬಿಸಿ-ತಂಪಿನ ಚರ್ಚೆ ಬಿಟ್ಟು ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಕೀಲಿನೊಳಗೆ ಸೋಂಕಾಗುವ ಅಪಾಯ ನಮ್ಮಂಥವರಿಗೆ ಹೆಚ್ಚು.

ಮಾತ್ರೆ, ಚುಚ್ಚುಮದ್ದು, ಹೆಸರಿಲ್ಲದ ಪುಡಿ

ನೋವಿನ ಮಾತ್ರೆ ಒಂದೆರಡು ಗಂಟೆಯಲ್ಲಿ ನೋವನ್ನು ಇಳಿಸುತ್ತದೆ, ರೋಗವನ್ನು ತಡೆಯುವುದಿಲ್ಲ. ಅಂಗಡಿಯಿಂದ ತಾವೇ ತಂದು ತಿಂಗಳುಗಟ್ಟಲೆ ನುಂಗಿದರೆ ಹೊಟ್ಟೆ, ಕಿಡ್ನಿ ಎರಡಕ್ಕೂ ಕೇಡು. ರೋಗವನ್ನೇ ಹಿಡಿತಕ್ಕೆ ತರಲು ಕೊಡುವ ಮುಖ್ಯ ಔಷಧಿ ಮೆಥೊಟ್ರೆಕ್ಸೇಟ್ ಇದಕ್ಕೆ ತದ್ವಿರುದ್ಧ: ಕೆಲಸ ಮಾಡಲು 6ರಿಂದ 12 ವಾರ ಬೇಕು, ಆ ವಾರಗಳಲ್ಲಿ ತಾಳ್ಮೆ ಪೂರ್ತಿ ಕರಗುತ್ತದೆ, ಆದರೆ ಕೀಲು ಹಾಳಾಗುವುದನ್ನು ತಡೆಯುವುದು ಇಂಥ ಔಷಧಿಯೇ. ಅದು ವಾರಕ್ಕೊಮ್ಮೆ ಮಾತ್ರ ತೆಗೆದುಕೊಳ್ಳುವ ಮಾತ್ರೆ. ದಿನವೂ ತೆಗೆದುಕೊಂಡರೆ ಪ್ರಾಣಕ್ಕೇ ಸಂಚಕಾರ. ಮನೆಯಲ್ಲಿ ಮಾತ್ರೆ ಕೊಡುವವರಿಗೂ ಇದು ತಿಳಿದಿರಲಿ. ಕ್ಯಾಲೆಂಡರಿನಲ್ಲಿ ವಾರ ಗುರುತು ಹಾಕಿ, ಅದರ ಅಡ್ಡ ಪರಿಣಾಮ ತಗ್ಗಿಸಲು ಕೊಡುವ ಫೋಲಿಕ್ ಆಸಿಡ್ ಮತ್ತು ರಕ್ತ ಪರೀಕ್ಷೆ ತಪ್ಪಿಸದಿದ್ದರೆ ಸಾಕು.

ಮೊಣಕಾಲಿಗೆ ಉರಿಯೂತವನ್ನು ಬೇಗ ಇಳಿಸುವ ಸ್ಟಿರಾಯ್ಡ್ ಚುಚ್ಚುಮದ್ದು ಹಾಕಿಸಿಕೊಂಡಿದ್ದೇನೆ. ವೈದ್ಯರು ಮೊದಲು ಸಿರಿಂಜಿನಿಂದ ಹಳದಿ ನೀರನ್ನು ಎಳೆದು ತೆಗೆದರು. ಅಷ್ಟಕ್ಕೇ ಅರ್ಧ ಬಿಗಿತ ಸಡಿಲಿತು. ಕೆಲವೇ ದಿನಗಳಲ್ಲಿ ಮೆಟ್ಟಿಲು ಹತ್ತುವಂತಾಯಿತು. ಅದರ ಗುಣ ಕೆಲವು ವಾರಗಳಿಂದ ಕೆಲವು ತಿಂಗಳವರೆಗೆ ಮಾತ್ರ, ಪದೇ ಪದೇ ಹಾಕಿಸುವಂತೆಯೂ ಇಲ್ಲ. ಸಕ್ಕರೆ ಕಾಯಿಲೆಯಿದ್ದರೆ ಕೆಲವು ದಿನ ಸಕ್ಕರೆ ಏರುತ್ತದೆ. ಮದುವೆ, ಜಾತ್ರೆಯೆಂದು ಹಾಕಿಸಿಕೊಳ್ಳುವುದಲ್ಲ; ಮುಖ್ಯ ಔಷಧಿ ಹಿಡಿತಕ್ಕೆ ಬರುವವರೆಗಿನ ಆಸರೆಯಾಗಿ ಅದಕ್ಕೆ ಬೆಲೆ.

ಪೊಟ್ಟಣದಲ್ಲಿ ಕಟ್ಟಿಕೊಡುವ ಹೆಸರಿಲ್ಲದ ಪುಡಿಯನ್ನು ನಾನು ಮುಟ್ಟಿಲ್ಲ, ಮುಟ್ಟುವುದೂ ಇಲ್ಲ. ಇಂಥ ಪುಡಿಗಳಲ್ಲಿ ಸ್ಟಿರಾಯ್ಡ್ ಬೆರೆಸಿರುವುದು ಪತ್ತೆಯಾಗಿದ್ದುಂಟು. ಎರಡೇ ದಿನದಲ್ಲಿ ಪವಾಡದಂತೆ ನೋವು ಹೋದರೆ ಅನುಮಾನ ಪಡಬೇಕು.

ಮೊಣಕಾಲು ಪಟ್ಟಿ, ತೊಡೆಯ ವ್ಯಾಯಾಮ

ಎಲಾಸ್ಟಿಕ್ ಪಟ್ಟಿ ಬೆಚ್ಚಗಿಡುತ್ತದೆ, ಸಂತೆಯ ಗದ್ದಲದಲ್ಲಿ ಧೈರ್ಯ ಕೊಡುತ್ತದೆ. ಆದರೆ ಏಪ್ರಿಲ್ ಬಿಸಿಲಿನಲ್ಲಿ ಬೆವರಿ ತುರಿಸುತ್ತದೆ. ಕುಳಿತು ಎದ್ದಾಗಲೆಲ್ಲ ಸುರುಳಿಯಾಗಿ ಕೆಳಗಿಳಿದು ಮೊಣಕಾಲಿನ ಹಿಂಬದಿಯ ಮಡಿಕೆಯನ್ನು ಕೊರೆಯುತ್ತದೆ. ಬಿಗಿ ಹೆಚ್ಚಾದರೆ ಪಾದ ಊದುತ್ತದೆ. ಟೇಪು ಹಿಡಿದು ಅಳೆದುಕೊಡುವ ಅಂಗಡಿಯಲ್ಲೇ ತೆಗೆದುಕೊಳ್ಳಿ, ರಾತ್ರಿ ಬಿಚ್ಚಿಟ್ಟು ಮಲಗಿ. ಪಕ್ಕದಲ್ಲಿ ಲೋಹದ ಕೀಲಿರುವ ದೊಡ್ಡ ಪಟ್ಟಿ ಮೊಣಕಾಲು ಕುಸಿಯುವವರಿಗೆ. ನನಗೆ ಅದರ ಭಾರವೇ ಹೆಚ್ಚಾಯಿತು, ಅದರ ಕೊಂಡಿಗಳನ್ನು ಹಾಕಲು ಬೆರಳುಗಳೂ ಒಪ್ಪಲಿಲ್ಲ.

ತೊಡೆಯ ಸ್ನಾಯುವಿಗೆ ಬಲ ಬಂದ ಮೇಲೆ ಪಟ್ಟಿಯ ನೆನಪೇ ಕಡಿಮೆಯಾಯಿತು. ಕಾಲು ಚಾಚಿ ಕುಳಿತು, ಮೊಣಕಾಲಿನ ಕೆಳಗೆ ಸುತ್ತಿದ ಟವೆಲ್ ಇಟ್ಟು, ಅದನ್ನು ಕೆಳಗೆ ಒತ್ತಿ ಐದು ಎಣಿಸಿ ಬಿಡುವುದು. ಮಲಗಿ, ಒಂದು ಕಾಲು ಮಡಚಿ, ಇನ್ನೊಂದನ್ನು ನೆಟ್ಟಗೆ ಗೇಣೆತ್ತರ ಎತ್ತಿ ಹಿಡಿಯುವುದು. ಊದಿದ ದಿನ ಮೊದಲನೆಯದು ಮಾತ್ರ. ಮೊದಲ ವಾರಗಳಲ್ಲಿ ಏನೂ ಆಗುತ್ತಿಲ್ಲ ಎನಿಸುತ್ತದೆ. ಪಟ್ಟಿಗೆ ಕೊಡುವ ಹಣಕ್ಕಿಂತ ಫಿಸಿಯೊಥೆರಪಿಸ್ಟ್ ಬಳಿ ಒಂದು ಸಲ ಸರಿಯಾಗಿ ಕಲಿಯಲು ಕೊಡುವ ಹಣ ಹೆಚ್ಚು ಬಾಳುತ್ತದೆ ಎಂಬುದರಲ್ಲಿ ನನಗೆ ಸಂಶಯವಿಲ್ಲ.

ಕೋಲು, ಕೊಡೆ

ಮಳೆಗಾಲದಲ್ಲಿ ನಮ್ಮೂರಿನ ಅನೇಕ ಹಿರಿಯರು ಉದ್ದ ಕೊಡೆಯನ್ನೇ ಊರಿಕೊಂಡು ನಡೆಯುತ್ತಾರೆ. ಒಣ ನೆಲದಲ್ಲಿ ಅದು ನಡೆದೀತು. ಹಾಸುಗಲ್ಲು ಒದ್ದೆಯಾಗಿದ್ದರೆ ಕೊಡೆಯ ತುದಿ ಜಾರುತ್ತದೆ, ಮಳೆ ಬಂದು ಬಿಚ್ಚಿದ ಮೇಲೆ ಊರುವುದಕ್ಕೆ ಏನೂ ಉಳಿಯುವುದಿಲ್ಲ. ಹಾಗಾಗಿ ರಬ್ಬರ್ ಬುಡದ ಕೋಲು, ಮಳೆಗೆ ರೇನ್‌ಕೋಟ್. ಕೋಲನ್ನು ಹೆಚ್ಚು ನೋಯುವ ಮೊಣಕಾಲಿನ ಎದುರು ಬದಿಯ ಕೈಯಲ್ಲಿ ಹಿಡಿಯಬೇಕು. ಕೈ ಇಳಿಬಿಟ್ಟು ನಿಂತಾಗ ಅದರ ಹಿಡಿ ಮಣಿಕಟ್ಟಿನ ಮಟ್ಟಕ್ಕೆ ಬರಬೇಕು. ಸಾಮಾನ್ಯ ಬಾಗಿದ ಹಿಡಿ ನಮ್ಮ ಗೆಣ್ಣುಗಳನ್ನು ಒತ್ತುತ್ತದೆ. ಅಂಗೈ ಪೂರ್ತಿ ಊರುವಂಥ ಅಗಲ ಹಿಡಿಯನ್ನೇ ಹುಡುಕಿ.

ಚಿಗರಿ, ಆಟೊ

ಹುಬ್ಬಳ್ಳಿ-ಧಾರವಾಡದ ನಡುವೆ 2018ರಿಂದ ಓಡುತ್ತಿರುವ ಚಿಗರಿ ಬಸ್ಸು ನನಗೆ ಆಟೊಗಿಂತ ಬಹಳ ಮೇಲು. ನಿಲ್ದಾಣದ ಕಟ್ಟೆ ಮತ್ತು ಬಸ್ಸಿನ ನೆಲ ಒಂದೇ ಮಟ್ಟದಲ್ಲಿರುವುದರಿಂದ ಕಾಲೆತ್ತುವ ಪ್ರಶ್ನೆಯೇ ಇಲ್ಲ. ಆಟೊದಲ್ಲಿ ಮೊಣಕಾಲು ಮಡಚಿಯೇ ಇರಬೇಕು, ಗುಂಡಿ ಬಂದಾಗಲೆಲ್ಲ ಏಟು ನೇರ ಕೀಲಿಗೆ. ಆಟೊದ ಲಾಭವೆಂದರೆ ಮನೆ ಬಾಗಿಲಿಗೆ ಬರುತ್ತದೆ. ನಿಲ್ದಾಣ ತಲುಪಲು ಅಗಲ ರಸ್ತೆ ದಾಟುವ ಕಷ್ಟವಿಲ್ಲ. ತೀರಾ ಊದಿದ ದಿನ ಅದೇ ಗತಿ. ಹೆಚ್ಚು ಹೊತ್ತು ಕುಳಿತರೂ ನಮಗೆ ಬಿಗಿತ ಬರುವುದರಿಂದ, ಹುಬ್ಬಳ್ಳಿಗೆ ಹೋಗುವಾಗ ಉಣಕಲ್ ಕೆರೆ ಕಾಣುತ್ತಲೇ ಕಾಲು ಚಾಚಿ ಮಡಚಲು ಶುರುಮಾಡುತ್ತೇನೆ. ಸಾಮಾನ್ಯ ಬಸ್ಸಿನ ಮೆಟ್ಟಿಲಾದರೆ ಹತ್ತುವಾಗ ಗಟ್ಟಿ ಕಾಲು ಮುಂದೆ, ಇಳಿಯುವಾಗ ನೋಯುವ ಕಾಲು ಮುಂದೆ.

ರೊಟ್ಟಿ

ನೆಲದ ಮೇಲೆ ಕುಳಿತು ರೊಟ್ಟಿ ಬಡಿಯುವುದನ್ನು ಬಿಟ್ಟಿದ್ದೇನೆ. ಗ್ಯಾಸ್ ಕಟ್ಟೆಯ ಮುಂದೆ ನಿಂತು ಬಡಿದರೆ ಮೊಣಕಾಲು ಮಡಚುವುದು ತಪ್ಪುತ್ತದೆ, ನಾಲ್ಕನೆಯ ರೊಟ್ಟಿಗೆ ನಿಲ್ಲುವುದೇ ಕಷ್ಟವಾಗುತ್ತದೆ. ಎತ್ತರದ ಸ್ಟೂಲು ತಂದ ಮೇಲೆ ಅರ್ಧ ಕುಳಿತು, ಅರ್ಧ ನಿಂತು ಮಾಡಲು ಬರುತ್ತದೆ. ಮೂರರಲ್ಲಿ ಅದೇ ಮೇಲು, ಮಣಿಕಟ್ಟು ಚೆನ್ನಾಗಿರುವ ದಿನ. ಇಲ್ಲದ ದಿನ ನಮ್ಮ ಓಣಿಯಲ್ಲೇ ಖಡಕ್ ರೊಟ್ಟಿ ಮಾಡಿ ಮಾರುವ ಹೆಣ್ಣುಮಕ್ಕಳಿದ್ದಾರೆ. ಅವರಿಂದ ತಂದ ಒಂದು ಕಟ್ಟು ಡಬ್ಬಿಯಲ್ಲಿ ಸದಾ ಇರುತ್ತದೆ.