ಫಾರ್ಮ್‌ನಿಂದ ತೆಗೆದುಹಾಕಿದ ಪ್ರಾಣಿಗಳ ಹಸಿ ಮಾಂಸ, ನಾಯಿ ಬೆಕ್ಕಿಗೆ: ಹತ್ತು ತಿಂಗಳು ತರಿಸಿದ ಮೇಲೆ ಬರೀತಿರೋ ರಿವ್ಯೂ

ಹತ್ತು ತಿಂಗಳಿಂದ ಒಂದೇ ಕಡೆಯಿಂದ ಫ್ರೋಜನ್ ಹಸಿ ಮಾಂಸ ತರಿಸ್ತಿದೀನಿ, ನಮ್ಮನೆ ನಾಯಿ ಕರಿಯಂಗೆ ಮತ್ತೆ ಬೆಕ್ಕು ಪುಟ್ಟಿಗೆ. ಹೆಸರು ಹಾಕಲ್ಲ, ಯಾಕಂದ್ರೆ ನಾನು ಹೇಳ್ಬೇಕಿರೋದು ಒಂದು ಅಂಗಡಿ ಬಗ್ಗೆ ಮಾತ್ರ ಅಲ್ಲ, ಈ ಥರ ಮಾಂಸ ಮಾರೋ ಯಾರ ಹತ್ರ ತಗೊಂಡ್ರೂ ಇದೇ ಪ್ರಶ್ನೆಗಳು ಬರುತ್ವೆ. ಇವ್ರು ಮಾರೋದು ತಿನ್ನೋಕೆ ಅಂತಾನೇ ಬೆಳೆಸಿದ ಎಳೆ ಪ್ರಾಣಿಗಳ ಮಾಂಸ ಅಲ್ಲ, ಫಾರ್ಮಲ್ಲಿ ಕೆಲಸ ಮುಗೀತು ಅಂತ ಹಿಂಡಿನಿಂದ ತೆಗೆದುಹಾಕ್ತಾರಲ್ಲ, ಆ ಪ್ರಾಣಿಗಳದ್ದು. ಮೊಟ್ಟೆ ಕಮ್ಮಿ ಆದ ಕೋಳಿ, ಹಲ್ಲು ಸವೆದು ಮೇಯೋಕಾಗದ ಮುದಿ ಕುರಿ, ಗೊಡ್ಡು ಬಿದ್ದ ಹಾಲಿನ ಹಸು. ಹೇಗಿದ್ರೂ ಅವು ಸಾಯೋದು ತಪ್ಪಲ್ಲ, ಹೂತುಹಾಕೋ ಬದಲು ಇನ್ನೊಂದು ಜೀವದ ಹೊಟ್ಟೆ ತುಂಬಲಿ, ನಮ್ಮ ನಾಯಿಗೋಸ್ಕರ ಹೊಸದಾಗಿ ಇನ್ನೊಂದು ಪ್ರಾಣಿ ಬೆಳೆಸೋದು ಬೇಡ ಅನ್ನೋದು ನನ್ನ ಮನಸಿಗೆ ತುಂಬಾ ಹಿಡಿಸ್ತು, ಅದಕ್ಕೇ ಶುರು ಮಾಡಿದ್ದು. ಆ ಅಭಿಪ್ರಾಯ ಈಗಲೂ ಬದಲಾಗಿಲ್ಲ. ಆದ್ರೆ ಕೊಡೋ ರೀತಿ ಪೂರ್ತಿ ಬದಲಾಯ್ತು.

ಮೊದ್ಲು ಕುರಿ ಬಗ್ಗೆ ಹೇಳ್ತೀನಿ, ಇವರ ಹತ್ರ ಇರೋದ್ರಲ್ಲಿ ಬೆಸ್ಟ್ ಅದೇ. ಮುದಿ ಕುರಿ ಹಿಂಡಿನಿಂದ ಹೊರಗೆ ಬೀಳೋದು ಬಹಳ ಸಲ ಕಾಯಿಲೆಯಿಂದ ಅಲ್ಲ, ಮುಂದಿನ ಹಲ್ಲು ಸವೆದು ಇಲ್ಲಾ ಉದುರಿ ಹುಲ್ಲು ಕಿತ್ತು ತಿನ್ನೋಕಾಗಲ್ಲ, ಅಷ್ಟೇ. ಮೈಯಲ್ಲಿ ಮಾಂಸ ಚೆನ್ನಾಗೇ ಇರುತ್ತೆ, ಬಣ್ಣ ಗಾಢ ಕೆಂಪು, ವಾಸನೆ ಸ್ವಲ್ಪ ಜಾಸ್ತಿ, ಮನುಷ್ಯರಿಗೆ ಜಗಿಯೋಕೆ ಗಟ್ಟಿ ಅನ್ಸುತ್ತೆ. ವಯಸ್ಸಾದ ಹಾಗೆ ಕಾಲಜನ್ ಎಳೆಗಳು ಒಂದಕ್ಕೊಂದು ಬಿಗಿಯಾಗಿ ಹೆಣೆದುಕೊಳ್ಳೋದ್ರಿಂದ ಆ ಗಟ್ಟಿತನ ಬರೋದು, ನಾಯಿಗೆ ಅದೇನೂ ತೊಂದ್ರೆ ಇಲ್ಲ. ನಮ್ಮ ಕರಿಯ ಅಂತೂ ಕೈಮಾ ಪ್ಯಾಕೆಟ್ ಫ್ರಿಜ್ಜಿಂದ ತೆಗೆದ ಸದ್ದಿಗೇ ಓಡಿ ಬರ್ತಾನೆ.

ತೊಂದ್ರೆ ಆಗಿದ್ದು ಮೂರನೇ ಬಾಕ್ಸಲ್ಲಿ. ಅದ್ರಲ್ಲಿ ಕುರಿ ಲಿವರ್ ಮತ್ತೆ ಶ್ವಾಸಕೋಶ ಇಡಿಯಾಗಿ ಬಂದಿತ್ತು, ಕರಗಿಸಿ ಕತ್ತರಿಸೋವಾಗ ಶ್ವಾಸಕೋಶದಲ್ಲಿ ಗೋಲಿ ಗಾತ್ರದ ಒಂದು ಗುಳ್ಳೆ ಸಿಕ್ತು, ಬಿಳಿ ಗೋಡೆ, ಒಳಗೆ ತಿಳಿ ನೀರು. ನನಗೆ ಅದೇನು ಅಂತ ಗೊತ್ತಿರ್ಲಿಲ್ಲ, ಆದ್ರೂ ಕೊಡೋಕೆ ಮನಸ್ಸು ಬರ್ಲಿಲ್ಲ, ಹಾಗೇ ಡಬ್ಬಿಗೆ ಹಾಕಿ ನಮ್ಮ ವೆಟ್ ಹತ್ರ ತಗೊಂಡು ಹೋದೆ. ಡಾಕ್ಟ್ರು ನೋಡಿದ ಕೂಡ್ಲೇ ಕೇಳಿದ್ದು "ಇಂಥದ್ದನ್ನ ಮುಂಚೆ ತಿನ್ಸಿದೀರಾ?" ಅಂತ. ಅದು ಹೈಡಾಟಿಡ್ ಗುಳ್ಳೆ, ಎಕಿನೋಕಾಕಸ್ ಅನ್ನೋ ಪುಟ್ಟ ಲಾಡಿಹುಳುವಿನ ಮರಿ ಹಂತ. ಕುರಿ ಒಳಗೆ ಗುಳ್ಳೆಯಾಗಿ ಕೂತಿರುತ್ತೆ, ನಾಯಿ ಅದನ್ನ ಹಸಿಯಾಗಿ ತಿಂದ್ರೆ ನಾಯಿ ಕರುಳಲ್ಲಿ ಹುಳು ಆಗುತ್ತೆ, ನಾಯಿಗೆ ಸಾಮಾನ್ಯವಾಗಿ ಏನೂ ಗೊತ್ತೇ ಆಗಲ್ಲ, ಆಟ ಆಡ್ಕೊಂಡಿರುತ್ತೆ, ಆದ್ರೆ ಅದರ ಕಕ್ಕದಲ್ಲಿ ಹುಳುವಿನ ಮೊಟ್ಟೆ ಬರುತ್ವೆ, ಅದು ಮೈ ಕೂದಲಿಗೆ ಅಂಟಿ ನಮ್ಮ ಕೈಗೆ ಬಂದು ಬಾಯಿಗೆ ಹೋದ್ರೆ ನಮ್ಮ ಲಿವರಲ್ಲೋ ಶ್ವಾಸಕೋಶದಲ್ಲೋ ಅದೇ ಗುಳ್ಳೆ ವರ್ಷಗಟ್ಟಲೆ ನಿಧಾನಕ್ಕೆ ಬೆಳೆಯುತ್ತೆ. ನಮ್ಮನೇಲಿ ನಾಲ್ಕು ವರ್ಷದ ಮಗು ಇದೆ, ದಿನಾ ಕರಿಯನ ಕುತ್ತಿಗೆ ತಬ್ಕೊಂಡೇ ಇರುತ್ತೆ. ಆವತ್ತು ರಾತ್ರಿ ನನಗೆ ನಿದ್ದೆ ಬರ್ಲಿಲ್ಲ.

ಇಲ್ಲೇ ವಯಸ್ಸಿನ ವಿಷ್ಯ ಬರೋದು ನೋಡಿ. ಎಳೆ ಕುರಿಯಲ್ಲಿ ಈ ಗುಳ್ಳೆ ಇದ್ರೂ ತೀರಾ ಸಣ್ಣದಿರುತ್ತೆ, ಮುದಿ ಕುರಿ ಹುಲ್ಲುಗಾವಲಲ್ಲಿ ಎಷ್ಟೋ ವರ್ಷ ಮೇಯ್ದಿರೋದ್ರಿಂದ ತಗಲೋ ಅವಕಾಶವೂ ಜಾಸ್ತಿ, ಗುಳ್ಳೆ ಬೆಳೆಯೋಕೆ ಟೈಮೂ ಸಿಕ್ಕಿರುತ್ತೆ. ಅಂದ್ರೆ ನಾವು ತಗೊಳ್ತಿರೋ ಮಾಂಸದಲ್ಲೇ ಈ ರಿಸ್ಕ್ ಹೆಚ್ಚು. ಡೀಪ್ ಫ್ರೀಜ್ ಮಾಡಿದ್ರೆ ಇಂಥ ಮರಿಹುಳುಗಳು ಸಾಯುತ್ವೆ, ನ್ಯೂಜಿಲೆಂಡಲ್ಲಿ ಕುರಿಗಳಿಗೆ ಹರಡೋ ಇನ್ನೊಂದು ಜಾತಿ ಲಾಡಿಹುಳುವಿನ ಕಾಟಕ್ಕೆ ನಾಯಿಗೆ ಕುರಿ ಮಾಂಸ ಕೊಡೋ ಮುಂಚೆ ಮೈನಸ್ 10 ಡಿಗ್ರಿಯಲ್ಲಿ ಕನಿಷ್ಠ 10 ದಿನ ಇಡಿ ಅಂತ ಹೇಳ್ತಾರೆ. ಆದ್ರೆ ನಾನು ತಗೊಂಡ ಪ್ಯಾಕೆಟ್ ಎಷ್ಟು ದಿನ ಎಷ್ಟು ಡಿಗ್ರಿಯಲ್ಲಿತ್ತು ಅಂತ ಅದರ ಮೇಲೆ ಬರೆದಿರ್ಲಿಲ್ಲ. ಕರಿಯಂಗೆ ಲಾಡಿಹುಳು ಕೊಲ್ಲೋ ಪ್ರಾಜಿಕ್ವಾಂಟೆಲ್ ಔಷಧಿ ಕೊಟ್ರು, ಹಸಿ ಕುರಿ ತಿನ್ನಿಸ್ತಾ ಇರೋವಷ್ಟು ದಿನ ಆರು ವಾರಕ್ಕೊಂದ್ಸಲ ಕೊಡೋದು ತಪ್ಪಿಸಬೇಡಿ ಅಂದ್ರು.

ಮಾರೋರಿಗೆ ಫೋಟೋ ಕಳ್ಸಿದೆ. ಎರಡು ದಿನ ಉತ್ತರ ಇಲ್ಲ, ಮೂರನೇ ದಿನ ಓನರ್ ಅವರೇ ಫೋನ್ ಮಾಡಿದ್ರು. "ತಪ್ಪಾಗಿದೆ, ಒಳಭಾಗ ಚೆಕ್ ಮಾಡೋ ನಮ್ಮವರು ರಜೆಯಲ್ಲಿದ್ರು, ಕೂಯ್ದು ನೋಡದೇ ಪ್ಯಾಕ್ ಆಗಿದೆ" ಅಂತ ಒಪ್ಕೊಂಡ್ರು. ಆಮೇಲಿಂದ ಶ್ವಾಸಕೋಶ ಮಾರೋದನ್ನೇ ನಿಲ್ಲಿಸಿದ್ರು, ಪ್ಯಾಕೆಟ್ ಮೇಲೆ ಫ್ರೀಜ್ ಮಾಡಿದ ತಾರೀಖು, ಬ್ಯಾಚ್ ನಂಬರ್ ಹಾಕೋಕೆ ಶುರು ಮಾಡಿದ್ರು. ನಾನು ಇನ್ನೂ ಇವರ ಹತ್ರಾನೇ ತಗೊಳ್ತಿರೋದಕ್ಕೆ ಆ ಫೋನ್ ಕಾಲೇ ಕಾರಣ.

ಹಸುವಿನ ಮಾಂಸದ ವಿಷ್ಯ ಇನ್ನೂ ಗಂಭೀರ. ಹಾಲಿನ ಹಸು ಇಪ್ಪತ್ತು ವರ್ಷ ಬದುಕಬಲ್ಲ ಪ್ರಾಣಿ, ದೊಡ್ಡ ಡೈರಿಗಳಲ್ಲಿ ಐದಾರು ವರ್ಷಕ್ಕೇ ತೆಗೆದುಹಾಕ್ತಾರೆ. ಅದನ್ನ ಬರೆಯೋಕೂ ಸಂಕಟ ಆಗುತ್ತೆ. ತೆಗೆಯೋಕೆ ಮುಖ್ಯ ಕಾರಣಗಳು ಗಬ್ಬ ನಿಲ್ಲದಿರೋದು, ಕೆಚ್ಚಲುಬಾವು, ಕುಂಟು. ಗಬ್ಬ ನಿಲ್ಲದ ಹಸು ಮತ್ತೆ ಕೆಚ್ಚಲುಬಾವಿನ ಹಸು ಎರಡೂ ಒಂದೇ ಅಲ್ಲ, ಎರಡನೇದಕ್ಕೆ ಆಂಟಿಬಯೋಟಿಕ್ ಚುಚ್ಚಿರ್ತಾರೆ, ಕುಂಟಿಗೆ ನೋವಿನ ಇಂಜೆಕ್ಷನ್ ಕೊಟ್ಟಿರ್ತಾರೆ. ಔಷಧಿ ಮೈಯಿಂದ ಇಳಿಯೋವರೆಗೂ ಕಾಯಬೇಕಾದ ದಿನಗಳು ಅಂತ ಪ್ರತಿ ಔಷಧಿಗೂ ಇದೆ, ಮನುಷ್ಯರು ತಿನ್ನೋ ಮಾಂಸದ ಮಾರ್ಕೆಟಿಗೆ ಅದನ್ನ ಪಾಲಿಸ್ತಾರೆ, ನಾಯಿಗೆ ತಾನೇ ಅಂತ ಬಿಟ್ಟುಬಿಟ್ರೆ? ಔಷಧಿ ಸತ್ತ ಪ್ರಾಣಿಯಿಂದ ತಿಂದ ಪ್ರಾಣಿಗೆ ಹೋಗುತ್ತೆ ಅನ್ನೋದಕ್ಕೆ ರಣಹದ್ದುಗಳಿಗಿಂತ ದೊಡ್ಡ ಸಾಕ್ಷಿ ಬೇಕಾ, ಡೈಕ್ಲೋಫೆನಾಕ್ ಅನ್ನೋ ನೋವಿನ ಔಷಧಿ ಕೊಟ್ಟ ದನಗಳ ಹೆಣ ತಿಂದು ಕಿಡ್ನಿ ಹಾಳಾಗಿ ದಕ್ಷಿಣ ಏಷ್ಯಾದಲ್ಲಿ ಕೆಲವು ಜಾತಿಗಳು ಹತ್ತಿರ ಹತ್ತಿರ ನಿರ್ನಾಮ ಆದ್ವು, 2004ರಲ್ಲಿ ಕಾರಣ ಗೊತ್ತಾಗೋ ಹೊತ್ತಿಗೆ ತುಂಬಾ ತಡ ಆಗಿತ್ತು. ಕಾಲಿ (Collie) ಥರದ ಕುರಿ ಕಾಯೋ ಜಾತಿ ನಾಯಿ ಸಾಕಿರೋರು ಇನ್ನೂ ಜಾಗ್ರತೆ ಇರಿ, ಅವುಗಳಲ್ಲಿ ಎಷ್ಟೋ ನಾಯಿಗಳಿಗೆ ಎಂಡಿಆರ್1 ಅನ್ನೋ ಜೀನ್ ದೋಷ ಇರುತ್ತೆ, ಜಂತುಹುಳಕ್ಕೆ ಕೊಡೋ ಐವರ್ಮೆಕ್ಟಿನ್ ಅವಕ್ಕೆ ಮೆದುಳಿಗೇ ಏರುತ್ತೆ.

ಇದಕ್ಕಿಂತ ಭಯ ಹುಟ್ಟಿಸೋದು ಪ್ರಾಣಿ ಹೇಗೆ ಸತ್ತಿತು ಅನ್ನೋದು. ನರಳೋ ಪ್ರಾಣಿಗೆ ವೆಟ್ ಪೆಂಟೊಬಾರ್ಬಿಟಾಲ್ ಚುಚ್ಚಿ ನೆಮ್ಮದಿಯಿಂದ ಕಳಿಸಿಕೊಡ್ತಾರೆ, ಅದು ಪ್ರಾಣಿಗೆ ಒಳ್ಳೇದೇ, ಆದ್ರೆ ಆ ಔಷಧಿ ಮಾಂಸದಲ್ಲಿ ಉಳಿಯುತ್ತೆ, ಬೇಯಿಸಿದ್ರೂ ಹೋಗಲ್ಲ. 2017ರಲ್ಲಿ ಅಮೆರಿಕದಲ್ಲಿ ಡಬ್ಬಿ ನಾಯಿ ಆಹಾರದಲ್ಲಿ ಇದೇ ಸಿಕ್ತು, ತಿಂದ ಪಗ್ ನಾಯಿಗಳಲ್ಲಿ ಒಂದು ಸತ್ತೇ ಹೋಯ್ತು. 2021ರಲ್ಲಿ ಆಸ್ಟ್ರೇಲಿಯಾದ ವಿಕ್ಟೋರಿಯಾದಲ್ಲಿ ಪೆಟ್ ಮಾಂಸ ಅಂತ ಮಾರಿದ ಕುದುರೆ ಮಾಂಸ ತಿಂದು ಇಪ್ಪತ್ತಕ್ಕೂ ಹೆಚ್ಚು ನಾಯಿಗಳು ಲಿವರ್ ಕೆಟ್ಟು ಸತ್ವು, ಕುದುರೆ ಮೇಯ್ದಿದ್ದ ಒಂದು ಗಿಡದ ವಿಷ ಇಂಡೋಸ್ಪಿಸಿನ್ ಮಾಂಸದಲ್ಲಿ ಕೂತಿತ್ತು. ಅಲ್ಲಿ ಅಡುಗೆ ಶುಚಿತನ, ಫ್ರೀಜರ್, ಯಾವುದೂ ಕಾಪಾಡ್ತಿರ್ಲಿಲ್ಲ. ಪ್ರಾಣಿ ಎಲ್ಲಿ ಮೇಯ್ತಿತ್ತು ಅಂತ ಗೊತ್ತಿದ್ದವರು ಮಾತ್ರ ತಡೀಬಹುದಿತ್ತು.

ಅದಕ್ಕೇ ನಾನು ಓನರ್‌ಗೆ ಪ್ರತಿ ಬ್ಯಾಚಿಗೂ ಕೇಳೋದು ಮೂರೇ ಮಾತು, ಯಾವ ಕಾರಣಕ್ಕೆ ತೆಗೆದ್ರು, ಕೊನೇ ಔಷಧಿ ಯಾವಾಗ ಕೊಟ್ಟಿದ್ರು, ತಾನಾಗೇ ಸತ್ತಿದ್ದಾ ಅಥವಾ ಜೀವಂತ ಬಂದು ವೆಟ್ ನೋಡಿದ ಮೇಲೆ ಕೊಯ್ದಿದ್ದಾ. ಯುರೋಪಲ್ಲಿ ಈ ಕೊನೇ ವ್ಯತ್ಯಾಸಕ್ಕೇ ಕಾನೂನು ಇದೆ, 2009ರ ನಿಯಮದ ಪ್ರಕಾರ ಹಸಿ ಪೆಟ್ ಫುಡ್‌ಗೆ ಮನುಷ್ಯರು ತಿನ್ನೋಕೆ ಯೋಗ್ಯ ಅಂತ ಪಾಸಾದ ಪ್ರಾಣಿಯ ಭಾಗಗಳೇ ಆಗಬೇಕು, ಫಾರ್ಮಲ್ಲಿ ಬಿದ್ದು ಸತ್ತ ಪ್ರಾಣಿ ಸೇರಿಸೋ ಹಾಗಿಲ್ಲ. ಇವ್ರು ಕುರಿಗೆ ಮೂರಕ್ಕೂ ಉತ್ತರ ಕೊಡ್ತಾರೆ, ಕಾಗದ ತೋರಿಸ್ತಾರೆ. ಹಸುಗೆ ಕೊಡೋಕಾಗಲ್ಲ, ಬೇರೆ ಬೇರೆ ಡೈರಿಯಿಂದ ಬರೋದ್ರಿಂದ ಔಷಧಿ ಲೆಕ್ಕ ಸಿಗಲ್ಲ ಅಂತಾರೆ. ನೇರವಾಗಿ ಹೇಳಿದ್ದು ಖುಷಿ, ಆದ್ರೆ ಹಸು ಪ್ಯಾಕೆಟ್ ನಾನು ನಿಲ್ಲಿಸಿಬಿಟ್ಟೆ. ಇನ್ನೊಂದು ಕಾರಣವೂ ಇತ್ತು. ಹಸುಗಳು ಕಂದು ಹಾಕೋಕೆ, ಅಂದ್ರೆ ಗರ್ಭಪಾತ ಆಗೋಕೆ, ನಿಯೋಸ್ಪೋರಾ ಅನ್ನೋ ಪರಾವಲಂಬಿ ಒಂದು ದೊಡ್ಡ ಕಾರಣ, ಕಂದು ಹಾಕಿದ ಹಸುವನ್ನ ಹಿಂಡಿನಿಂದ ತೆಗೀತಾರೆ, ಅದರ ಹಸಿ ಮಾಂಸ ನಾಯಿ ತಿಂದ್ರೆ ನಾಯಿಗೆ ಅಂಟುತ್ತೆ, ನಾಯಿ ಕಕ್ಕ ಮೇವಿಗೆ ಬಿದ್ರೆ ಮತ್ತೆ ಇನ್ನೊಂದು ಹಸು ಕಂದು ಹಾಕುತ್ತೆ. ಫಾರ್ಮ್ ಪಕ್ಕ ನಾಯಿ ಸಾಕಿರೋರು ದಯವಿಟ್ಟು ಇದನ್ನ ಹಗುರವಾಗಿ ತಗೋಬೇಡಿ.

ಹಸು ತೊಡೆ ಮೂಳೆ ಬಗ್ಗೆ ಒಂದೇ ಸಾಲು, ಕೊಡಬೇಡಿ. ಭಾರ ಹೊತ್ತ ಮೂಳೆ ಕಲ್ಲಿನ ಹಾಗಿರುತ್ತೆ, ಕರಿಯನ ಮೇಲಿನ ದವಡೆ ದೊಡ್ಡ ಹಲ್ಲು ಚಕ್ಕೆ ಎದ್ದು ಕೀಳಿಸಬೇಕಾಯ್ತು.

ಕೋಳಿ ಬಗ್ಗೆ ನನಗೆ ಶುರುವಲ್ಲಿ ತುಂಬಾ ನಂಬಿಕೆ ಇತ್ತು. ಮೊಟ್ಟೆ ಕೋಳಿಯನ್ನ ಸಾಮಾನ್ಯವಾಗಿ 72ರಿಂದ 80 ವಾರಕ್ಕೆ ತೆಗೀತಾರೆ, ಮೊಟ್ಟೆ ಕಮ್ಮಿ ಆಗುತ್ತೆ ಅಂತ, ಕಾಯಿಲೆ ಅಂತ ಅಲ್ಲ. ಒಂದೊಂದು ಮೊಟ್ಟೆ ಚಿಪ್ಪಿಗೂ ಸುಮಾರು 2 ಗ್ರಾಂ ಕ್ಯಾಲ್ಸಿಯಂ ಕೊಟ್ಟು ಕೊಟ್ಟು ಅವುಗಳ ಮೂಳೆ ಸವೆದು ಪೊಳ್ಳಾಗಿರುತ್ತೆ, ಮುಟ್ಟಿದ್ರೆ ಪಟ್ ಅಂತ ಮುರಿಯುತ್ತೆ, ಆ ರೆಕ್ಕೆ ಮೂಳೆ ನೋಡಿದಾಗೆಲ್ಲಾ ಆ ಕೋಳಿ ಬದುಕಿದ್ದ ರೀತಿ ನೆನಪಾಗಿ ಹೊಟ್ಟೆ ಕಿವುಚುತ್ತೆ. ಇವ್ರು ಮೂಳೆ ಸಮೇತ ನುಣ್ಣಗೆ ರುಬ್ಬಿ ಕೊಡ್ತಾರೆ, ಅದು ಸರಿ, ಯಾಕಂದ್ರೆ ಬರೀ ಮಾಂಸ ಕೊಟ್ರೆ ರಂಜಕ ಜಾಸ್ತಿ, ಕ್ಯಾಲ್ಸಿಯಂ ತೀರಾ ಕಮ್ಮಿ, ಮರಿಗಳಿಗಂತೂ ಮೂಳೆ ಬಾಗಿ ಮುರಿಯೋ ಮಟ್ಟಕ್ಕೆ ಹೋಗುತ್ತೆ.

ಪುಟ್ಟಿಗೆ ಮಾತ್ರ ಹಸಿ ಕೋಳಿ ಪೂರ್ತಿ ಬಂದ್. ಹಕ್ಕಿ ಜ್ವರದ ಎಚ್5ಎನ್1 ವೈರಸ್ ಬೆಕ್ಕುಗಳನ್ನ ತುಂಬಾ ಬೇಗ ಕೊಲ್ಲುತ್ತೆ. 2024ರ ಮಾರ್ಚಲ್ಲಿ ಅಮೆರಿಕದಲ್ಲಿ ಹಾಲಿನ ಹಸುಗಳಲ್ಲೇ ಅದು ಸಿಕ್ತು, ಆ ಫಾರ್ಮ್‌ಗಳಲ್ಲಿ ಕಾಯಿಸದ ಹಾಲು ಕುಡಿದ ಬೆಕ್ಕುಗಳು ಸತ್ವು, ಅದೇ ವರ್ಷ ಡಿಸೆಂಬರಲ್ಲಿ ಓರೆಗಾನ್‌ನ ಒಂದು ಮನೆ ಬೆಕ್ಕು, ಹೊರಗೇ ಹೋಗದ ಬೆಕ್ಕು, ಫ್ರೋಜನ್ ಹಸಿ ಟರ್ಕಿ ಆಹಾರ ತಿಂದು ಸತ್ತಿತು, ಆಹಾರದಲ್ಲಿದ್ದ ವೈರಸ್ಸೂ ಬೆಕ್ಕಲ್ಲಿದ್ದ ವೈರಸ್ಸೂ ಒಂದೇ ಅಂತ ಟೆಸ್ಟಲ್ಲಿ ಬಂತು. ಫ್ರೀಜರ್ ಹುಳುವನ್ನ ಕೊಲ್ಲುತ್ತೆ, ವೈರಸ್ಸನ್ನ, ಸಾಲ್ಮೊನೆಲ್ಲಾ, ಲಿಸ್ಟೀರಿಯಾ ಥರದ ಬ್ಯಾಕ್ಟೀರಿಯಾಗಳನ್ನ ಕೊಲ್ಲಲ್ಲ, ಲಿಸ್ಟೀರಿಯಾ ಅಂತೂ ಫ್ರಿಜ್ಜಿನ ತಣ್ಣಗೂ ಬೆಳೆಯುತ್ತೆ. ನಾನು ಇವೆರಡನ್ನೂ ತುಂಬಾ ದಿನ ಒಂದೇ ಅಂದ್ಕೊಂಡಿದ್ದೆ, ಫ್ರೋಜನ್ ಅಂದ್ರೆ ಸೇಫ್ ಅಂತ. ಓನರ್‌ನ ಕೇಳಿದೆ, ಕೋಳಿ ಹಿಂಡುಗಳಿಗೆ ಟೆಸ್ಟ್ ಮಾಡ್ಸ್ತೀರಾ ಅಂತ, ಇಲ್ಲ ಅಂದ್ರು. ಅಷ್ಟೇ, ಅಲ್ಲಿಗೆ ಮುಗೀತು.

ಇದಕ್ಕೂ ಮುಂಚೆ ಬೇರೆ ಒಂದು ಕಡೆ ತಗೊಳ್ತಿದ್ದಾಗ ಆದ ಅನುಭವವೂ ಹೇಳಿಬಿಡ್ತೀನಿ, ಬೆಕ್ಕು ಸಾಕಿರೋರಿಗೆ ಉಪಯೋಗ ಆಗಬಹುದು. ಅಲ್ಲಿ ಫ್ರೀಜ್ ಮಾಡದ ಕೈಮಾ ಐದನೇ ದಿನವೂ ಹೊಸದರ ಥರ ಕೆಂಪಗಿತ್ತು. ಕೇಳಿದ್ರೆ ಬಣ್ಣ ಉಳಿಯೋಕೆ ಸಲ್ಫೈಟ್ ಹಾಕ್ತೀವಿ ಅಂದ್ರು. ಅದು ಬಿ1 ಜೀವಸತ್ವವನ್ನ ನಾಶ ಮಾಡುತ್ತೆ, ದಿನಾ ಅದನ್ನೇ ತಿಂದ ಬೆಕ್ಕಿನ ಕುತ್ತಿಗೆ ಕೆಳಗೆ ಬಾಗುತ್ತೆ, ನಡಿಗೆ ತೂರಾಡುತ್ತೆ. ಪುಟ್ಟಿಗೆ ಆ ಮಟ್ಟಕ್ಕೆ ಹೋಗ್ಲಿಲ್ಲ, ಆದ್ರೆ ಊಟ ಬಿಟ್ಟು ಮೂಲೆ ಸೇರಿದ್ಲು. ಕೆಂಪು ಬಣ್ಣ ನೋಡಿ ತಾಜಾ ಅಂತ ನಂಬಬೇಡಿ.

ಈಗ ನಮ್ಮನೇಲಿ ನಡೀತಿರೋದು ಹೀಗೆ. ಮುದಿ ಕುರಿ ಕೈಮಾ, ಮೂಳೆ ಇಲ್ಲದ್ದು, ತರಿಸ್ತೀನಿ, ನಮ್ಮ ಫ್ರೀಜರಲ್ಲಿ ಇನ್ನೂ ಎರಡು ವಾರ ಇಟ್ಟು ಆಮೇಲೆ ಪೂರ್ತಿ ಬೇಯಿಸಿ ಕೊಡ್ತೀನಿ, ಬೇಯಿಸಿದ ನೀರನ್ನ ಚೆಲ್ಲಲ್ಲ, ಬೆಕ್ಕಿಗೆ ಬೇಕಾದ ಟೌರಿನ್ ಅನ್ನೋ ಪೋಷಕಾಂಶ ಆ ನೀರಿಗೆ ಇಳಿಯುತ್ತೆ. ಕ್ಯಾಲ್ಸಿಯಂ, ಟೌರಿನ್ ಎಷ್ಟು ಸೇರಿಸಬೇಕು ಅಂತ ಡಾಕ್ಟ್ರು ಇಬ್ಬರಿಗೂ ಬೇರೆ ಬೇರೆ ಲೆಕ್ಕ ಬರೆದುಕೊಟ್ಟಿದಾರೆ. ಲಿವರ್ ಸ್ವಲ್ಪವೇ ಸ್ವಲ್ಪ, ಜಾಸ್ತಿ ಆದ್ರೆ ಎ ಜೀವಸತ್ವ ಏರಿ ಬೆಕ್ಕಿನ ಕತ್ತಿನ ಮೂಳೆಗಳೇ ಅಂಟಿಕೊಂಡುಬಿಡುತ್ವೆ. ಗಂಟಲು ಭಾಗದ ಮಾಂಸ ಬೇಡ ಅಂತ ಹೇಳಿ ತರಿಸ್ತೀನಿ, ಅದ್ರಲ್ಲಿ ಥೈರಾಯ್ಡ್ ಗ್ರಂಥಿ ಸೇರಿದ್ರೆ ನಾಯಿಗೆ ಥೈರಾಯ್ಡ್ ಏರಿದ ಕೇಸ್‌ಗಳಿವೆ. ಹಸಿ ಮಾಂಸ ಮುಟ್ಟಿದ ಹಲಗೆ ಚಾಕು ಬೇರೆ, ಮಗು ಅಡುಗೆಮನೆಗೆ ಆ ಹೊತ್ತಲ್ಲಿ ಬರೋ ಹಾಗಿಲ್ಲ.

ಬೇಯಿಸಿದ್ರೆ ಹಸಿ ಮಾಂಸದ ಲಾಭ ಏನುಳೀತು ಅಂತ ಕೇಳೋರಿದಾರೆ. ಕರಿಯನ ಕೂದಲು ಹಸಿ ತಿಂತಿದ್ದಾಗ ಎಷ್ಟು ಹೊಳೀತಿತ್ತೋ ಈಗಲೂ ಅಷ್ಟೇ ಹೊಳೀತಿದೆ, ಕಕ್ಕ ಗಟ್ಟಿ ಇದೆ, ತೂಕ 22 ಕೆಜಿಯಲ್ಲೇ ನಿಂತಿದೆ. ನನಗೆ ಕಂಡ ಲಾಭ ಎಲ್ಲಾ ಮಾಂಸದ್ದೇ ಆಗಿತ್ತು, ಹಸಿಯಾಗಿ ಕೊಟ್ಟಿದ್ದಕ್ಕೆ ಬಂದಿದ್ದಲ್ಲ.

ಸ್ಟಾರ್ ಕೊಡೋದಾದ್ರೆ ಕುರಿಗೆ ಐದಕ್ಕೆ ನಾಲ್ಕು, ಕೋಳಿಗೆ ಎರಡು, ಹಸುಗೆ ಒಂದು. ಡೆಲಿವರಿ ಟೈಮಿಗೆ ಬರುತ್ತೆ, ಒಂದ್ಸಲ ಮಾತ್ರ ಅರ್ಧ ಕರಗಿ ಬಂದಿತ್ತು, ವಾಪಸ್ ತಗೊಂಡ್ರು. ಹೋದ ವಾರ ಓನರ್ ಫೋನ್ ಮಾಡಿ ಬೇಯಿಸಿ ಪ್ಯಾಕ್ ಮಾಡಿದ ಕುರಿ ಶುರು ಮಾಡ್ತಿದೀವಿ, ಕುರಿ ತೆಗೆದ ಕಾರಣವನ್ನೂ ಲೇಬಲ್ ಮೇಲೆ ಹಾಕ್ತೀವಿ ಅಂದ್ರು. ಮೊದಲ ಆರ್ಡರ್ ನಂದೇ ಬರ್ಕೊಳ್ಳಿ ಅಂದಿದೀನಿ.