ಪುಟ್ಟ ಬೇಸ್ ಕ್ಯಾಬ್ ಮೇಲೆ ಬರೆದ ದೊಡ್ಡ ವಾಟ್ ನಂಬಬೇಡಿ

ಹತ್ತು ಇಂಚಿನ ಒಂದೇ ಸ್ಪೀಕರ್. ಒಂದು ಕೈಯಲ್ಲಿ ಎತ್ತಿಕೊಂಡು ಮೆಟ್ಟಿಲು ಹತ್ತಬಹುದಾದ ಪೆಟ್ಟಿಗೆ. ಹಿಂಬದಿಯ ಚೀಟಿಯಲ್ಲಿ ದಪ್ಪಕ್ಷರದಲ್ಲಿ ‘800 ವಾಟ್’, ಅದರ ಕೆಳಗೆ ‘35 ಹರ್ಟ್ಜ್‌ನಿಂದ 18 ಕಿಲೋಹರ್ಟ್ಜ್’. ಬೇಸ್ ಗಿಟಾರಿಗೆ ಇಂಥದ್ದೊಂದು ಕ್ಯಾಬಿನೆಟ್ (ಸ್ಪೀಕರ್ ಪೆಟ್ಟಿಗೆ, ಚಿಕ್ಕದಾಗಿ ಕ್ಯಾಬ್) ತಗೊಳ್ಳೋಣ ಅಂತ ನೋಡುತ್ತಿರುವವರು ದುಡ್ಡು ಕೊಡುವ ಮುಂಚೆ ಇದನ್ನು ಪೂರ್ತಿ ಓದಿ. ನನ್ನ ಕ್ಯಾಬ್ ಹಾಳಾಗಿದ್ದು ಅದಕ್ಕೆ 300 ವಾಟ್ ಕೂಡ ಕೊಡಲಾಗದ ಆಂಪ್‌ನಲ್ಲಿ. ವಾರಂಟಿಯೂ ಸಿಗಲಿಲ್ಲ. ಕಂಪನಿಯ ಹೆಸರು ಬರೆಯುತ್ತಿಲ್ಲ, ಯಾಕಂದರೆ ಈ ಚಾಳಿ ಅವರೊಬ್ಬರದ್ದೇ ಅಲ್ಲ. ಆ ಒಂದನ್ನು ಬಿಟ್ಟು ಪಕ್ಕದ್ದನ್ನು ಕೊಂಡರೂ ಇದೇ ಗತಿಯಾಗಬಹುದು.

ಮೊದಲು ಅದು ಕೇಳಿಸಿದ ರೀತಿ ಹೇಳಿಬಿಡುತ್ತೇನೆ. ಕೊಳ್ಳುವಾಗ ಕೇಳಿದ್ದು ಚಿಕ್ಕ ಕೋಣೆಯಲ್ಲಿ. ಮಾರುವವರು ಕ್ಯಾಬನ್ನು ಮೂಲೆಗೆ ಒತ್ತಿ ನೆಲದ ಮೇಲಿಟ್ಟಿದ್ದರು. ನೆಲ ಮತ್ತು ಎರಡು ಗೋಡೆ ಸೇರುವ ಕಡೆ ಇಟ್ಟರೆ ಯಾವ ಸ್ಪೀಕರಿನ ತಗ್ಗು ಸ್ವರವಾದರೂ ಉಬ್ಬುತ್ತದೆ. ಅದು ಗೋಡೆಯ ಕೊಡುಗೆ, ಕ್ಯಾಬಿನದ್ದಲ್ಲ. ಜೊತೆಗೆ ಇಂಥ ಪುಟ್ಟ ಪೆಟ್ಟಿಗೆಗಳಲ್ಲಿ 80ರಿಂದ 120 ಹರ್ಟ್ಜ್ ಆಸುಪಾಸಿನಲ್ಲಿ ಬೇಕಂತಲೇ ಒಂದು ಗುಡ್ಡ ಎಬ್ಬಿಸಿರುತ್ತಾರೆ, ಅಂದರೆ ಆ ಸ್ವರಗಳು ಮಾತ್ರ ಜೋರಾಗಿ ಕೇಳುವ ಹಾಗೆ ಮಾಡಿರುತ್ತಾರೆ. ಒಬ್ಬರೇ ನುಡಿಸುವಾಗ ಆ ಗುಡ್ಡವೇ ‘ಆಹಾ, ಎಂಥ ಬೇಸ್’ ಅನ್ನಿಸುತ್ತದೆ. ಮೇಲಿನ ಎರಡು ತಂತಿಗಳ ಮೇಲೆ ಸ್ಲ್ಯಾಪ್ ಮಾಡಿದರಂತೂ (ತಂತಿಯನ್ನು ಬೆರಳಿನಿಂದ ಹೊಡೆದು ನುಡಿಸಿದರಂತೂ) ಮುಖದ ಮೇಲೆ ಹೊಡೆದಂತೆ ಬರುತ್ತದೆ. ಕೆಳಗಿನ ಇ ತಂತಿಯನ್ನು ಜೋರಾಗಿ ಮೀಟಿ ಸ್ವರವನ್ನು ಹಾಗೇ ನಿಲ್ಲಿಸಿ ಕೇಳೋಣ ಅಂದರೆ, ‘ಇಷ್ಟು ಚಿಕ್ಕ ರೂಮಿನಲ್ಲಿ ಬೇಡ ಸರ್, ಕಿಟಕಿ ಅದುರುತ್ತೆ’ ಅಂದರು. ಅದುರುತ್ತಿದ್ದದ್ದು ನಿಜವೇ.

ಬ್ಯಾಂಡ್ ಜೊತೆ ತಾಲೀಮಿಗೆ ಹೋದಾಗ ಡ್ರಮ್ಮರ್ ಶುರು ಮಾಡುವವರೆಗೂ ಎಲ್ಲ ಚೆನ್ನಾಗಿತ್ತು. ಶುರು ಮಾಡಿದ, ನಾನು ಮಾಯ. ಕಿಕ್ ಡ್ರಮ್ ಒಂದು ಕಡೆಯಿಂದ, ಎರಡು ಗಿಟಾರಿನ ಕೆಳಭಾಗ ಇನ್ನೊಂದು ಕಡೆಯಿಂದ ಬಂದು ಆ ಗುಡ್ಡವನ್ನು ಪೂರ್ತಿ ಮುಚ್ಚಿಬಿಟ್ಟವು. ವಾಲ್ಯೂಮ್ ಏರಿಸಿದೆ, ಬೇಸ್ ನಾಬ್ ತಿರುಗಿಸಿದೆ. ಎಲ್ಲ ಬೇಸಿಸ್ಟೂ ಮಾಡುವುದು ಅದನ್ನೇ. ಆದರೆ ನಾಬನ್ನು ಕಾಲು ಸುತ್ತು ತಿರುಗಿಸಿದಾಗ ಒಳಗೆ ಏನಾಗುತ್ತದೆ ಅನ್ನುವುದನ್ನು ಯಾವ ಮ್ಯಾನ್ಯುಯಲ್ಲೂ ಬಿಡಿಸಿ ಹೇಳುವುದಿಲ್ಲ. 3 ಡೆಸಿಬೆಲ್ ಏರಿಸಿದರೆ ಎರಡು ಪಟ್ಟು ವಾಟ್ ಬೇಕು, 10 ಡೆಸಿಬೆಲ್‌ಗೆ ಹತ್ತು ಪಟ್ಟು. ಕಿವಿಗೆ ‘ಎರಡು ಪಟ್ಟು ಜೋರು’ ಅನ್ನಿಸುವುದಕ್ಕೆ ಸುಮಾರು ಆ ಹತ್ತು ಡೆಸಿಬೆಲ್ ಬೇಕಾಗುತ್ತದೆ.

ಸ್ವಲ್ಪ ದಿನದಲ್ಲೇ ತಗ್ಗಿನ ಸ್ವರಗಳಲ್ಲಿ ‘ಟಪ್, ಟಪ್’ ಅಂತ ಮರದ ತುಂಡು ಬಡಿದಂಥ ಶಬ್ದ ಕೇಳತೊಡಗಿತು. ಐದು ತಂತಿಯ ಗಿಟಾರ್ ಹಾಕಿದರೆ ಇನ್ನೂ ಜಾಸ್ತಿ. ಆಮೇಲೆ ಮೆಲ್ಲಗೆ ನುಡಿಸಿದರೂ ಪ್ರತಿ ಸ್ವರದ ಹಿಂದೆ ಮರಳು ಕೆರೆದ ಹಾಗೆ ಕರಕರ.

ಸ್ಪೀಕರ್ ರಿಪೇರಿ ಮಾಡುವವರೊಬ್ಬರು ನನ್ನೆದುರೇ ಕೋನ್, ಅಂದರೆ ಹಿಂದೆ ಮುಂದೆ ಓಡಿ ಸದ್ದು ಮಾಡುವ ಮುಂದಿನ ಹಾಳೆ, ಬಿಚ್ಚಿ ತೋರಿಸಿದರು. ಸುಟ್ಟ ವಾಸನೆ ಇರಲಿಲ್ಲ. ಕೋನನ್ನು ಓಡಿಸುವ ತಂತಿಯ ಸುರುಳಿ, ಅಂದರೆ ವಾಯ್ಸ್ ಕಾಯಿಲಿನ ತಾಮ್ರದ ಬಣ್ಣ ಹೊಸದರ ಹಾಗೇ ಇತ್ತು. ವಾಟ್ ಜಾಸ್ತಿಯಾಗಿ ಕಾಯಿಲ್ ಬೆಂದಿದ್ದರೆ ಅದು ಕಂದಿ ಕಪ್ಪಾಗಬೇಕಿತ್ತು, ಅಂಟು ಕರಗಿ ಸುತ್ತುಗಳು ಬಿಡಬೇಕಿತ್ತು. ಹಾಳಾಗಿದ್ದು ಬೇರೆ ಕಡೆ. ತಂತಿ ಸುತ್ತಿದ ತೆಳು ಕೊಳವೆಯ ಹಿಂದಿನ ಅಂಚು ಒಂದು ಪಕ್ಕಕ್ಕೆ ಜಜ್ಜಿಹೋಗಿ ಒಳಕ್ಕೆ ಮಡಚಿಕೊಂಡಿತ್ತು. ಕೋನ್ ಹಿಂದಕ್ಕೆ ಓಡಿದಾಗಲೆಲ್ಲ ಕೊಳವೆ ಹೋಗಿ ಮ್ಯಾಗ್ನೆಟ್ಟಿನ ಹಿಂಬದಿಯ ಉಕ್ಕಿನ ತಟ್ಟೆಗೆ ಬಡಿದಿತ್ತು. ಟಪ್ ಅಂದದ್ದು ಅದು. ಸೊಟ್ಟಗಾದ ಕೊಳವೆ ಮ್ಯಾಗ್ನೆಟ್ಟಿನ ಸಂದಿಗೆ ತಾಗಿ ಉಜ್ಜಿದ್ದು ಕರಕರ.

ಕಂಪನಿಯಿಂದ ಬಂದ ಉತ್ತರ: ‘ಇದು ಮೆಕ್ಯಾನಿಕಲ್ ಡ್ಯಾಮೇಜ್, ವಾರಂಟಿಗೆ ಬರುವುದಿಲ್ಲ.’ ನನ್ನ ಹೆಡ್ (ಕ್ಯಾಬಿಗೆ ಜೋಡಿಸುವ ಬೇರೆ ಆಂಪ್) 4 ಓಮ್‌ಗೆ 500 ವಾಟ್ ಕೊಡುವಂಥದ್ದು. ಓಮ್ ಅಂದರೆ ಸ್ಪೀಕರ್ ಆಂಪಿಗೆ ಒಡ್ಡುವ ತಡೆ, ಅದು ಹೆಚ್ಚಾದರೆ ಸಿಗುವ ವಾಟ್ ಕಡಿಮೆ. ಈ 8 ಓಮ್ ಕ್ಯಾಬಿಗೆ ಅದರಿಂದ ಸಿಗುವುದು 300ರೊಳಗೆ. ಚೀಟಿಯ 800 ‘ಪ್ರೋಗ್ರಾಂ’ ವಾಟ್ ಅಂತ ಮ್ಯಾನ್ಯುಯಲ್ಲಿನ ಸಣ್ಣ ಅಕ್ಷರದಲ್ಲಿದೆ, ಅಂದರೆ ಸತತವಾಗಿ ತಡೆಯುವುದು ಅದರ ಅರ್ಧ, 400. ಆ ಲೆಕ್ಕದಲ್ಲೂ ನಾನು ಮಿತಿಯೊಳಗೇ ಇದ್ದೆ. ಇದನ್ನು ಕೇಳಿದ್ದಕ್ಕೆ ‘ವಾಟ್ ರೇಟಿಂಗ್ ಶಾಖಕ್ಕೆ ಸಂಬಂಧಪಟ್ಟದ್ದು, ಕೋನ್ ಚಲನೆಗೆ ಅಲ್ಲ’ ಅಂತ ಮರುಉತ್ತರ. ಸತ್ಯವೇ. ಮಾರುವಾಗ ಚೀಟಿಯಲ್ಲಿ ಆ ಮಾತು ಯಾಕಿರಲಿಲ್ಲ ಅನ್ನುವುದಕ್ಕೆ ಮಾತ್ರ ಉತ್ತರ ಬರಲಿಲ್ಲ.

ಇಡೀ ವ್ಯವಹಾರದ ಗುಟ್ಟು ಈ ಒಂದು ಮಾತಿನಲ್ಲಿದೆ. ಸ್ಪೀಕರಿಗೆ ಎರಡು ಮಿತಿಗಳಿವೆ. ಒಂದು, ಕಾಯಿಲ್ ಎಷ್ಟು ಶಾಖ ತಡೆಯುತ್ತದೆ ಅನ್ನುವುದು. ಚೀಟಿಯಲ್ಲಿರುವ ವಾಟ್ ಅದು. ಇನ್ನೊಂದು, ಕೋನ್ ಎಷ್ಟು ಮಿಲಿಮೀಟರ್ ಹಿಂದೆ ಮುಂದೆ ಓಡಬಲ್ಲದು ಅನ್ನುವುದು. ಇದನ್ನು ಎಕ್ಸ್‌ಮ್ಯಾಕ್ಸ್ ಅನ್ನುತ್ತಾರೆ. ಬೇಸ್ ಗಿಟಾರಿನಲ್ಲಿ ಮೊದಲು ಮುಗಿಯುವುದು ಸಾಮಾನ್ಯವಾಗಿ ಎರಡನೆಯದು. ಒಂದೇ ಜೋರಿನ ಸದ್ದಿಗೆ, ಸ್ವರ ಒಂದು ಆಕ್ಟೇವ್ (ಅಂದರೆ ಅರ್ಧ ಹರ್ಟ್ಜ್‌ಗೆ) ಕೆಳಗಿಳಿದರೆ ಕೋನ್ ನಾಲ್ಕು ಪಟ್ಟು ಓಡಬೇಕು. ಖಾಲಿ ಜಿ ತಂತಿ 98 ಹರ್ಟ್ಜ್, ಖಾಲಿ ಇ ತಂತಿ 41. ಜಿ ತಂತಿಗೆ ಒಂದು ಮಿಲಿಮೀಟರ್ ಸಾಕಾದರೆ ಇ ತಂತಿಯ ಮೂಲ ಕಂಪನಕ್ಕೆ ಐದೂವರೆಗಿಂತ ಜಾಸ್ತಿ ಬೇಕು, ಐದು ತಂತಿಯ ಗಿಟಾರಿನ ಖಾಲಿ ಬಿ, ಅಂದರೆ ಸುಮಾರು 31 ಹರ್ಟ್ಜ್‌ಗೆ, ಹತ್ತು ಮಿಲಿಮೀಟರ್. ಬಹಳಷ್ಟು ಹತ್ತಿಂಚಿನ ಸ್ಪೀಕರುಗಳು ಅಚ್ಚುಕಟ್ಟಾಗಿ ಓಡುವುದು ನಾಲ್ಕರಿಂದ ಆರು ಮಿಲಿಮೀಟರ್ ಅಷ್ಟೇ. ಅದರ ಮೇಲೆ 12 ಡೆಸಿಬೆಲ್ ಬೇಸ್ ಏರಿಸಿ ನೋಡಿ, ಕೋನಿನ ಓಟ ಮತ್ತೆ ನಾಲ್ಕು ಪಟ್ಟಾಗುತ್ತದೆ.

ಇದು ಮುಚ್ಚಿದ ಪೆಟ್ಟಿಗೆಯ ಲೆಕ್ಕ. ಮುಂದುಗಡೆ ಪೋರ್ಟ್ ತೂತು ಇರುವ ಪೆಟ್ಟಿಗೆಯಲ್ಲಿ ಇನ್ನೊಂದು ಚಮತ್ಕಾರ ಇದೆ. ಪೋರ್ಟನ್ನು ಯಾವ ಕಂಪನಕ್ಕೆ ಟ್ಯೂನ್ ಮಾಡಿದ್ದಾರೋ ಅಲ್ಲಿ ಕೋನ್ ತುಂಬಾ ಕಡಿಮೆ ಓಡುತ್ತದೆ, ಕೆಲಸವನ್ನೆಲ್ಲ ಪೋರ್ಟಿನ ಗಾಳಿ ಮಾಡುತ್ತದೆ. ಅದಕ್ಕಿಂತ ಕೆಳಗೆ ಹೋದರೆ ಪೆಟ್ಟಿಗೆಯೊಳಗಿನ ಗಾಳಿ ಕೋನನ್ನು ಹಿಡಿದುಕೊಳ್ಳುವುದನ್ನೇ ಬಿಟ್ಟುಬಿಡುತ್ತದೆ. ಪುಟ್ಟ ಪೆಟ್ಟಿಗೆಗಳ ಟ್ಯೂನಿಂಗ್ 50-60 ಹರ್ಟ್ಜ್ ಹತ್ತಿರ ಇರುವುದು ಮಾಮೂಲು, ಇ ತಂತಿಯ ಮೂಲ ಕಂಪನ ಅದರ ಕೆಳಗಿದೆ. ಲಗಾಮಿಲ್ಲದ ಆ ಜಾಗದಲ್ಲೇ ನಾವು ಬೇಸ್ ನಾಬ್ ತಿರುಗಿಸುತ್ತಿರುತ್ತೇವೆ. ಕಿವಿಗೆ ಹೆಚ್ಚೇನೂ ಕೇಳಿಸದು, ಕೋನ್ ಮಾತ್ರ ಹುಚ್ಚೆದ್ದು ಕುಣಿಯುತ್ತಿರುತ್ತದೆ.

ಇನ್ನು ಆ ‘35 ಹರ್ಟ್ಜ್’. ಹೋಲಿಕೆಗೆ ಆಂಪೆಗ್ ಎಸ್‌ವಿಟಿ-810ಇ ನೋಡಿ. ಎಂಟು ಹತ್ತಿಂಚಿನ ಸ್ಪೀಕರ್ ಇರುವ, ಸುಮಾರು ನಾಲ್ಕಡಿ ಎತ್ತರದ, 60 ಕಿಲೋ ದಾಟುವ ಕ್ಯಾಬ್. 1969ರಲ್ಲಿ ಬಂದ ಎಸ್‌ವಿಟಿಯ ವಂಶದ್ದು, ಬೇಸಿಸ್ಟುಗಳೆಲ್ಲ ಕನಸಿನಲ್ಲಿ ಕಾಣುವಂಥದ್ದು. ಅದರ ಸ್ಪೆಕ್ ಶೀಟಿನಲ್ಲಿ ಬರೆದಿರುವುದು 58 ಹರ್ಟ್ಜ್‌ನಲ್ಲಿ 3 ಡೆಸಿಬೆಲ್ ಇಳಿಕೆ, 40 ಹರ್ಟ್ಜ್‌ನಲ್ಲಿ 10 ಡೆಸಿಬೆಲ್ ಇಳಿಕೆ. ವಾಟ್ ಎಷ್ಟು ಗೊತ್ತಾ? ಅದೂ 800, ಆದರೆ ಆರ್‌ಎಂಎಸ್ (ಸತತವಾಗಿ ತಡೆಯುವ ವಾಟ್), ಮತ್ತು ಎಂಟು ಸ್ಪೀಕರಿಗೆ ಹಂಚಿಕೊಂಡು. ಅದು ನೇರವಾಗಿ 58 ಅಂತ ಒಪ್ಪಿಕೊಂಡರೆ, ಕೈಯಲ್ಲಿ ಎತ್ತುವ ನನ್ನ ಪೆಟ್ಟಿಗೆ 35ಕ್ಕೆ ಇಳಿಯುತ್ತದಂತೆ! ಎಷ್ಟು ಡೆಸಿಬೆಲ್ ಇಳಿದ ಮೇಲೆ 35 ಅನ್ನುವುದು ಚೀಟಿಯಲ್ಲಿ ಇಲ್ಲವೇ ಇಲ್ಲ. ಇಳಿಕೆಯ ಲೆಕ್ಕ ಕೊಡದೆ ಬರೆದ ಹರ್ಟ್ಜ್‌ಗೆ ಅರ್ಥವಿಲ್ಲ, 20 ಅಂತಲೂ ಬರೆಯಬಹುದಿತ್ತು.

ಹೊಟ್ಟೆ ಉರಿಯುವ ಸಂಗತಿ ಅಂದರೆ ಈ ಸುಳ್ಳು ಬೇಕಾಗಿಯೇ ಇರಲಿಲ್ಲ. ಇ ತಂತಿ ಮೀಟಿದಾಗ ನಮ್ಮ ಕಿವಿ ಹೆಚ್ಚಾಗಿ ಹಿಡಿಯುವುದು ಅದರ ಎರಡನೇ ಹಾರ್ಮೋನಿಕ್, ಅಂದರೆ ಮೂಲ ಕಂಪನದ ಎರಡು ಪಟ್ಟಾದ 82 ಹರ್ಟ್ಜ್, ಮತ್ತು ಅದರ ಮೇಲಿನವು. ಮೂಲ ಸ್ವರ ಸಣ್ಣಗಿದ್ದರೂ ಮಿದುಳು ತಾನೇ ತುಂಬಿಕೊಳ್ಳುತ್ತದೆ. ಅಷ್ಟು ಜನ ಮೆಚ್ಚುವ 810ಇ ನಡೆಯುತ್ತಿರುವುದೂ ಹಾಗೇ. 60 ಹರ್ಟ್ಜ್‌ವರೆಗೆ ನೆಟ್ಟಗೆ ನುಡಿಯುವ ಪುಟ್ಟ ಪೆಟ್ಟಿಗೆ ಅಂತ ಹೇಳಿ ಮಾರಿದ್ದರೂ ಜನ ಕೊಳ್ಳುತ್ತಿದ್ದರು.

ಪೆಟ್ಟಿಗೆ ಚಿಕ್ಕದಾಗಿರಬೇಕು, ತಗ್ಗಿಗೂ ಇಳಿಯಬೇಕು, ಕಡಿಮೆ ವಾಟಿನಲ್ಲಿ ಜೋರಾಗಿಯೂ ಕೇಳಬೇಕು. ಈ ಮೂರರಲ್ಲಿ ಎರಡು ಸಿಗುತ್ತವೆ, ಮೂರನೆಯದನ್ನು ಬಿಡಬೇಕು. 1957ರಲ್ಲಿ ಶುರುವಾದ ಕೆಎಲ್‌ಎಚ್ ಸ್ಪೀಕರ್ ಕಂಪನಿಯ ಸ್ಥಾಪಕರಲ್ಲೊಬ್ಬರಾದ ಆಂಟನ್ ಹಾಫ್‌ಮನ್ ಹೆಸರಿನಲ್ಲಿ ಸ್ಪೀಕರ್ ಕಟ್ಟುವವರೆಲ್ಲ ಇದನ್ನು ‘ಹಾಫ್‌ಮನ್ನರ ಕಬ್ಬಿಣದ ನಿಯಮ’ ಅಂತಲೇ ಕರೆಯುತ್ತಾರೆ. ನಿಯೋಡಿಮಿಯಂ ಮ್ಯಾಗ್ನೆಟ್ ಬಂತು, ಕ್ಲಾಸ್-ಡಿ ಹೆಡ್ ಬಂತು, ಹೊರುವ ಭಾರ ಇಳಿಯಿತು. ನಿಯಮ ಇದ್ದಲ್ಲೇ ಇದೆ. ಮೂರೂ ಇದೆ ಅನ್ನುವ ಜಾಹೀರಾತು ಕಂಡರೆ ಯಾವುದನ್ನು ಮುಚ್ಚಿಟ್ಟಿದ್ದಾರೆ ಅಂತ ಹುಡುಕಿ. ಸಾಮಾನ್ಯವಾಗಿ ಅದು ಸೆನ್ಸಿಟಿವಿಟಿ, ಒಂದು ವಾಟ್ ಕೊಟ್ಟಾಗ ಒಂದು ಮೀಟರ್ ದೂರದಲ್ಲಿ ಎಷ್ಟು ಡೆಸಿಬೆಲ್ ಬರುತ್ತದೆ ಅನ್ನುವ ಅಂಕಿ. ನನ್ನದರಲ್ಲಿ 94 ಇತ್ತು, 810ಇಯಲ್ಲಿ 100. ಆರು ಡೆಸಿಬೆಲ್ ಅಂದರೆ ನಾಲ್ಕು ಪಟ್ಟು ವಾಟ್. ನನ್ನ ಪೆಟ್ಟಿಗೆ 800 ತಿಂದು ಮಾಡುವ ಸದ್ದನ್ನು ಅದು 200ರಲ್ಲಿ ಮಾಡುತ್ತದೆ. ಅದೂ ಕಾಯಿಲ್ ತಣ್ಣಗಿದ್ದರೆ. ಬಿಸಿಯಾದಷ್ಟೂ ಕಾಯಿಲಿನ ರೆಸಿಸ್ಟೆನ್ಸ್ ಏರಿ ಸದ್ದು ಇನ್ನೂ ಕುಗ್ಗುತ್ತದೆ. ಇಂಥ ಪೆಟ್ಟಿಗೆಗೆ ವಾಟ್ ಸುರಿಯುವುದು ಆನೆ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ.

ಹಾಗಾಗಿ ಕೊಳ್ಳುವಾಗ ವಾಟ್ ಕೇಳುವುದನ್ನು ಬಿಟ್ಟು ಸೆನ್ಸಿಟಿವಿಟಿ ಕೇಳಿ, 3 ಮತ್ತು 10 ಡೆಸಿಬೆಲ್ ಇಳಿಕೆ ಎಷ್ಟು ಹರ್ಟ್ಜ್‌ನಲ್ಲಿ ಅಂತ ಕೇಳಿ, ಎಕ್ಸ್‌ಮ್ಯಾಕ್ಸ್ ಕೇಳಿ. ಮೂರಕ್ಕೂ ‘ಗೊತ್ತಿಲ್ಲ’ ಅಂತ ಬಂದರೆ ಎದ್ದು ಬನ್ನಿ. ‘ಹತ್ತಿಂಚು ಅಂದರೆ ಪಂಚ್, ಹದಿನೈದಿಂಚು ಅಂದರೆ ಆಳ’ ಅನ್ನುವ ಹಳೇ ಮಾತಿಗೂ ಕಿವಿಗೊಡಬೇಡಿ. ಒಳ್ಳೆಯ ಹನ್ನೆರಡಿಂಚಿನ ಸ್ಪೀಕರ್ ಸರಿಯಾದ ಅಳತೆಯ ಪೆಟ್ಟಿಗೆಯಲ್ಲಿದ್ದರೆ ಕೆಟ್ಟ ಹದಿನೈದಕ್ಕಿಂತ ಕೆಳಗಿಳಿಯುತ್ತದೆ. ಟ್ವೀಟರ್ (ಏರು ಸ್ವರಗಳಿಗಿರುವ ಚಿಕ್ಕ ಸ್ಪೀಕರ್) ಇದೆಯೋ ಇಲ್ಲವೋ ನಿಮ್ಮ ರುಚಿ, ಅದರ ಮಟ್ಟ ಇಳಿಸುವ ನಾಬ್ ಇದ್ದರೆ ಸಾಕು.

ಪರೀಕ್ಷಿಸುವಾಗ ಕ್ಯಾಬನ್ನು ಮೂಲೆಯಿಂದ ಎಳೆದು ಕೋಣೆಯ ನಡುವೆ ಇಡಿ. ನಿಮ್ಮದೇ ಗಿಟಾರ್, ಸಾಧ್ಯವಾದರೆ ನಿಮ್ಮದೇ ಹೆಡ್. ನಾಬುಗಳೆಲ್ಲ ನಡುಗೆರೆಯಲ್ಲಿರಲಿ. ಕೆಳಗಿನ ತಂತಿಯಲ್ಲಿ ಖಾಲಿ ಸ್ವರ, ಆಮೇಲೆ ಒಂದೊಂದೇ ಫ್ರೆಟ್ ಏರುತ್ತ ಒಂದೇ ಬಲದಲ್ಲಿ ಮೀಟಿ. ಯಾವುದಾದರೂ ಫ್ರೆಟ್ಟಿಗೆ ಬಂದಾಗ ಇದ್ದಕ್ಕಿದ್ದಂತೆ ಸದ್ದು ಉಬ್ಬಿದರೆ ನೀವು ಆ ಗುಡ್ಡಕ್ಕೆ ಬಂದು ತಲುಪಿದ್ದೀರಿ. ‘ಕಿಟಕಿ ಅದುರುತ್ತೆ’ ಅಂದರೂ ಬಿಡಬೇಡಿ. ಡ್ರಮ್ಮರನ್ನು ಕರೆದುಕೊಂಡು ಹೋಗಲು ಆದರೆ ಅದಕ್ಕಿಂತ ಒಳ್ಳೆಯ ಪರೀಕ್ಷೆ ಇಲ್ಲ.

ಸಣ್ಣ ಕ್ಯಾಬೇ ಬೇಡ ಅಂತ ನಾನು ಹೇಳುತ್ತಿಲ್ಲ. ಬೆನ್ನು ಎಲ್ಲರಿಗೂ ಒಂದೇ. ವೇದಿಕೆಯಲ್ಲಿ ಪಿಎ (ಸಭಿಕರಿಗೆ ಕೇಳಿಸುವ ದೊಡ್ಡ ಸ್ಪೀಕರ್ ವ್ಯವಸ್ಥೆ) ಇದ್ದು ಜನರಿಗೆ ಬೇಸ್ ಅಲ್ಲಿಂದ ಹೋಗುವುದಾದರೆ ಪುಟ್ಟ ಕ್ಯಾಬ್ ನಮ್ಮ ಕಿವಿಗೆ ಬೇಕಾದಷ್ಟಾಯಿತು. ಹೆಡ್ಡಿನಲ್ಲೋ ಪೆಡಲಿನಲ್ಲೋ ಹೈ-ಪಾಸ್ ಫಿಲ್ಟರ್ (ಇಟ್ಟ ಮಟ್ಟಕ್ಕಿಂತ ಕೆಳಗಿನ ಸ್ವರಗಳನ್ನು ತಡೆಯುವಂಥದ್ದು) ಇದ್ದರೆ 40 ಹರ್ಟ್ಜ್ ಆಸುಪಾಸಿಗೆ ಇಟ್ಟುಬಿಡಿ, ಕೋನಿನ ವ್ಯರ್ಥ ಕುಣಿತ ಕಡಿಮೆಯಾಗುತ್ತದೆ. ಕೇಳಿಸಬೇಕಾದರೆ ಬೇಸ್ ನಾಬ್ ಬಿಟ್ಟು ಮಿಡ್ ಏರಿಸಿ. ಪಿಎ ಇಲ್ಲದ ಕಡೆ ನುಡಿಸುವವರಿಗೆ ಒಂದೇ ಥರದ ಎರಡು ಪುಟ್ಟ 8 ಓಮ್ ಕ್ಯಾಬ್ ಒಳ್ಳೆಯ ದಾರಿ. ಒಂದರ ಮೇಲೊಂದು ಇಟ್ಟು ಎರಡನ್ನೂ ಹೆಡ್ಡಿಗೆ ಪ್ಯಾರಲಲ್ ಆಗಿ ಜೋಡಿಸಿದರೆ ಒಟ್ಟು 4 ಓಮ್ ಆಗುತ್ತದೆ, ಹೆಡ್ ಪೂರ್ತಿ ವಾಟ್ ಕೊಡುತ್ತದೆ, ಕೋನಿನ ವಿಸ್ತಾರವೂ ಎರಡು ಪಟ್ಟಾಗಿ ತಗ್ಗಿನಲ್ಲಿ 6 ಡೆಸಿಬೆಲ್ ಹತ್ತಿರ ಲಾಭ. ಆದರೆ ಮೊದಲನೆಯದನ್ನೇ 4 ಓಮಿನದ್ದು ಕೊಂಡಿದ್ದರೆ ಈ ದಾರಿ ಮುಚ್ಚಿತು: ಎರಡು ಸೇರಿ 2 ಓಮ್ ಆಗುತ್ತದೆ, ಬಹಳಷ್ಟು ಚಿಕ್ಕ ಹೆಡ್‌ಗಳು 4ಕ್ಕಿಂತ ಕೆಳಗೆ ಇಳಿಯುವ ಹಾಗಿಲ್ಲ. ಗಿಟಾರ್ ಕೇಬಲ್ಲನ್ನು ಸ್ಪೀಕರಿಗೆ ಹಾಕಬೇಡಿ ಅಂತ ಬೇರೆ ಹೇಳಬೇಕಿಲ್ಲ ಅಂದುಕೊಳ್ಳುತ್ತೇನೆ. ಒಳಗಿನ ತಂತಿ ತೆಳು, ಬಿಸಿಯಾಗುತ್ತದೆ.

ಸೆಕೆಂಡ್ ಹ್ಯಾಂಡ್ ನೋಡುವವರಿಗೆ ಇನ್ನೊಂದು ಮಾತು. ನನ್ನದರ ಹಾಗೆ ಜಜ್ಜಿಹೋದ ಕ್ಯಾಬ್ ಮೆಲ್ಲಗೆ ನುಡಿಸಿದರೆ ಸ್ವಲ್ಪ ಹೊತ್ತು ಚೆನ್ನಾಗಿಯೇ ಕೇಳಬಹುದು. ಮುಂದಿನ ಜಾಲರಿ ಬಿಚ್ಚಿಸಿ. ಎರಡೂ ಕೈಯ ಬೆರಳುಗಳನ್ನು ಕೋನಿನ ಎದುರುಬದುರು ಇಟ್ಟು ಒಂದೇ ಸಮನಾಗಿ, ತೀರಾ ಮೆಲ್ಲಗೆ ಒಳಕ್ಕೆ ಒತ್ತಿ ಬಿಡಿ. ಸದ್ದಿಲ್ಲದೆ ಹೋಗಿ ಬರಬೇಕು. ಎಲ್ಲಾದರೂ ಕೆರೆದ ಹಾಗಾದರೆ ಕಾಯಿಲ್ ಸೊಟ್ಟಗಿದೆ. ಆಮೇಲೆ ಮಲ್ಟಿಮೀಟರನ್ನು ಕೇಬಲ್ ಸಿಕ್ಕಿಸುವ ಜಾಗಕ್ಕೆ ಹಿಡಿಯಿರಿ. 8 ಓಮ್ ಕ್ಯಾಬ್ ಐದೂವರೆಯಿಂದ ಏಳರವರೆಗೆ ತೋರಿಸಬೇಕು. ಮೂರು-ಮೂರೂವರೆ ತೋರಿಸಿದರೆ ಯಾರೋ 4 ಓಮ್ ಸ್ಪೀಕರ್ ಹಾಕಿ ಹಳೇ ಚೀಟಿಯನ್ನೇ ಉಳಿಸಿದ್ದಾರೆ, ಏನೂ ತೋರಿಸದಿದ್ದರೆ ಕಾಯಿಲ್ ಹೋಗಿದೆ ಅಥವಾ ಒಳಗೆ ತಂತಿ ಕಿತ್ತಿದೆ. ಮೀಟರ್ ಹಿಡಿಯಲು ಬಿಡದವರ ಹತ್ತಿರ ಚೌಕಾಸಿ ಕೂಡ ಮಾಡಬೇಡಿ.